ಲೆಕ್ಕ ಕೊನೀ ಊರಾಗ ಮಾಡೂಣ್ರಿ ಅಣ್ಣಾರ

ಇದನ್ನ ಬರೆಯೋಕೆ ಮೂರು ತಿಂಗಳು ನಾಚಿಕೆ ಬಿಡಲಿಲ್ಲ. ಹದಿನಾರು ವರ್ಷದಿಂದ ವಿಜಯಪುರದಲ್ಲಿ ಸಣ್ಣದೊಂದು ರಸಮಂಜರಿ ತಂಡ ನಡೆಸುತ್ತಿದ್ದೀನಿ. ಕ್ಯಾಸಿಯೋ ನಾನೇ ಬಾರಿಸೋದು. ಜಾತ್ರೆ, ಉರುಸು, ಗಣಪತಿ, ಮದುವೆ ಎಲ್ಲಾ ಮಾಡಿದ್ದೀವಿ. ದುಡ್ಡು ಸತಾಯಿಸಿದವರನ್ನ ನೋಡಿದ್ದೀನಿ, ಕುಡಿದು ಸ್ಟೇಜ್ ಹತ್ತಿದವರನ್ನ ನೋಡಿದ್ದೀನಿ. ಆದರೆ ಈ ಸಲ ಆದದ್ದು ಬೇರೆ. ಈ ಸಲ ನನ್ನ ಕೈಯಿಂದಲೇ ನನ್ನ ಕುತ್ತಿಗೆ ಕೊಯ್ಯಿಸಿಕೊಂಡೆ.

ನನಗೆ ಮೋಸ ಮಾಡಿದ, ಊರೂರಲ್ಲಿ ಕಾರ್ಯಕ್ರಮ ಹಿಡಿದುಕೊಡೋ ಆ ಏಜೆಂಟ್ ಸಿಕ್ಕಿದ್ದು ಬಾದಾಮಿ ಬನಶಂಕರಿ ಜಾತ್ರೆಯಲ್ಲಿ. ಬನದ ಹುಣ್ಣಿಮೆಗೆ ಅಲ್ಲಿ ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹೊಡೆದಿರ್ತಾವಲ್ಲ, ಅಂಥ ಒಂದು ಟೆಂಟ್ ಹಿಂದೆ ಚಹಾ ಕುಡಿಯುತ್ತಾ ನಿಂತಿದ್ದ. ಒಳ್ಳೇ ಮಾತುಗಾರ. ಏಣಗಿ ಬಾಳಪ್ಪನವರ ಕಾಲದ ಕಂಪನಿಗಳ ಸುದ್ದಿಯೆಲ್ಲಾ ಹೇಳಿದ. "ಈಗ ಕಲಾವಿದರಿಗೆ ಮರ್ಯಾದಿ ಕೊಡೋರು ಯಾರದಾರ್ರಿ ಅಣ್ಣಾರ" ಅಂತ ಕಣ್ಣು ಒದ್ದೆ ಮಾಡಿಕೊಂಡ. ನಾನು ಕರಗಿದೆ. ಚಹಾದ ದುಡ್ಡೂ ನಾನೇ ಕೊಟ್ಟೆ.

ಮಾರ್ಚ್‌ನಲ್ಲಿ ಫೋನ್ ಬಂತು. ಏಪ್ರಿಲ್‌ನಲ್ಲಿ ಮೂರು ಜಾತ್ರೆ, ಸತತ ಮೂರು ರಾತ್ರಿ. ಒಂದು ಮುದ್ದೇಬಿಹಾಳ ಕಡೆ, ಒಂದು ಬೀಳಗಿ ಕಡೆ, ಕೊನೆಯದು ರಾಯಬಾಗ ಕಡೆ. ಊರಿನ ಹೆಸರು ಬರೆಯಲ್ಲ, ಊರವರ ತಪ್ಪಿಲ್ಲ. ಒಂದು ರಾತ್ರಿಗೆ 45,000, ಒಟ್ಟು 1,35,000. ಸೌಂಡು, ಸ್ಟೇಜು, ಊಟ ಊರಿನ ಜಾತ್ರೆ ಕಮಿಟಿದು. ಅಡ್ವಾನ್ಸ್ 20,000 ಅದೇ ದಿನ ಖಾತೆಗೆ ಬಂತು. ಅಷ್ಟು ಬೇಗ ಅಡ್ವಾನ್ಸ್ ಹಾಕಿದ ಏಜೆಂಟನ್ನ ನಾನು ನೋಡಿರಲಿಲ್ಲ. ಅದನ್ನ ನೋಡಿಯೇ ನಂಬಿದೆ. ಈಗ ಅನ್ನಿಸುತ್ತೆ, ಆ 20,000 ಗಾಳಕ್ಕೆ ಸಿಕ್ಕಿಸಿದ ಹುಳ.

ಈಗ ನಾಚಿಕೆಯ ಮಾತು. ಹೊರಡೋಕೆ ಒಂದು ವಾರ ಮುಂಚೆ ಗದ್ದನಕೇರಿ ಕ್ರಾಸ್‌ಗೆ ಬಾ ಅಂದ. ಹೋದೆ. ರೋಡ್ ಪಕ್ಕದ ಹೋಟೆಲಿನಲ್ಲಿ ಕೂತೆವು. "ಅಣ್ಣಾರ, ಮೈಕ್ ಪರ್ಮಿಶನ್ ಈ ಸಲ ಭಾಳ ಬಿಗಿ ಮಾಡ್ಯಾರ. ಠಾಣೇದಾಗ ಕಲಾವಿದರ ಲೆಟರ್‌ಹೆಡ್ಡೂ ಕೇಳಾಕತ್ತಾರ. ಐದು ಹಾಳಿ ಸಹಿ ಮಾಡಿ ಕೊಡ್ರಿ, ಮ್ಯಾಟರ್ ನಾ ಟೈಪ್ ಮಾಡಸ್ತೀನಿ" ಅಂದ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಮೈಕ್ ಹಚ್ಚಬಾರದು ಅನ್ನೋ ನಿಯಮ 2000ದಿಂದಲೂ ಇದೆ. ಹಬ್ಬ ಹರಿದಿನಕ್ಕೆ ಸರ್ಕಾರ ಹನ್ನೆರಡರವರೆಗೆ ಸಡಿಲಿಸಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ನಮ್ಮ ಊರುಗಳಲ್ಲಿ ಕಾರ್ಯಕ್ರಮ ಶುರುವಾಗೋದೇ ಹತ್ತಕ್ಕೆ, ಅದು ಬೇರೆ ಮಾತು. ಹಾಗಾಗಿ ಪರ್ಮಿಶನ್ ಅಂದ ಕೂಡಲೇ ನಮ್ಮಂಥವರಿಗೆ ಎದೆ ಧಸಕ್ ಅನ್ನುತ್ತೆ. ಆದರೆ ಆ ಪರ್ಮಿಶನ್ ತರೋದು ಕಮಿಟಿಯವರು. ಯಾವತ್ತೂ ಕಮಿಟಿಯವರೇ. ಹದಿನಾರು ವರ್ಷದಲ್ಲಿ ಒಂದು ಠಾಣೆಯೂ ನನ್ನ ಲೆಟರ್‌ಹೆಡ್ ಕೇಳಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಬ್ಯಾಗಿನಿಂದ ಪ್ಯಾಡ್ ತೆಗೆದೆ. ಐದು ಖಾಲಿ ಹಾಳೆ. ಐದಕ್ಕೂ ಸಹಿ, ಐದಕ್ಕೂ ಸೀಲು. ಮೂರು ಊರಿಗೆ ಐದು ಹಾಳೆ ಯಾಕೆ ಅಂತಲೂ ಕೇಳಲಿಲ್ಲ. ಅವನ ಚಹಾ ಗ್ಲಾಸು ಒಂದು ಹಾಳೆಯ ಕೆಳಗಿನ ಮೂಲೆ ಮೇಲೆ ಕೂತು ದುಂಡಗೆ ಕಲೆ ಆಯಿತು. "ಬ್ಯಾರೆ ಕೊಡ್ತೀನಿ ತಡೀ" ಅಂದೆ. "ಇರ್ಲಿ ಬಿಡ್ರಿ, ನಡೀತೈತಿ" ಅಂದ.

ನಡೀತು. ಚೆನ್ನಾಗೇ ನಡೀತು.

ಕ್ರೂಸರ್ ಮಾಡಿಕೊಂಡು ಹೊರಟೆವು. ನಾವು ಒಂಬತ್ತು ಜನ, ಡ್ರೈವರ್ ಒಬ್ಬ. ಕ್ಯಾಸಿಯೋ, ರಿದಂ ಪ್ಯಾಡ್, ಢೋಲಕ್ ಎಲ್ಲಾ ಮೇಲೆ ಕ್ಯಾರಿಯರ್‌ಗೆ ಕಟ್ಟಿ ತಾಡಪತ್ರಿ ಹೊದಿಸಿದ್ದು. ಏಪ್ರಿಲ್ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಗಾಡಿಯೊಳಗೆ ಕೂತರೆ ಬೆಂದುಹೋಗ್ತೀವಿ. ಹಾಡೋ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಎರಡು ವರ್ಷದ ಮಗುವನ್ನ ತಾಯಿ ಹತ್ತಿರ ಬಿಟ್ಟು ಬಂದಿದ್ದಳು. ನನ್ನ ಮಾತಿನ ಮೇಲೆ ಬಂದಿದ್ದಳು. ಅದನ್ನ ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತೆ.

ಮೊದಲ ಊರು ಭರ್ಜರಿಯಾಯಿತು. ಜನ ಆಯೇರಿ (ಖುಷಿಗೆ ಕೊಡೋ ಉಡುಗೊರೆ) ಮಾಡಿ ಮಾಡಿ ಹಾಡು ಕೇಳಿದರು. ಏಜೆಂಟ್ ಪೂರ್ತಿ ರಾತ್ರಿ ಸ್ಟೇಜ್ ಪಕ್ಕವೇ ಇದ್ದ. ಕಮಿಟಿಯವರು ನನ್ನ ಹತ್ತಿರ ಬಂದರೆ ತಾನೇ ಅಡ್ಡ ಬಂದು ಮಾತಾಡುತ್ತಿದ್ದ. ಮುಗಿದ ಮೇಲೆ ದುಡ್ಡು ಕೇಳಿದೆ. "ಲೆಕ್ಕ ಕೊನೀ ಊರಾಗ ಮಾಡೂಣ್ರಿ ಅಣ್ಣಾರ. ಎಲ್ಲಾ ಒಮ್ಮೆಲೆ ಚೊಕ್ಕ. ಕಮಿಟಿಯವರ ಮುಂದ ರೊಕ್ಕದ ಮಾತು ತಗೀಬ್ಯಾಡ್ರಿ, ಮುಂದಿನ ವರ್ಷ ನನಗ ಊರು ಕೊಡಂಗಿಲ್ಲ" ಅಂದ. ಡೀಸೆಲ್‌ಗೆ ಅಂತ 5,000 ಕೊಟ್ಟ. ಸಮುದಾಯ ಭವನದಲ್ಲಿ ಎರಡು ತಾಸು ಮಲಗಿ, ನಿಡಗುಂದಿ ಮೇಲಿಂದ ಬಾಗಲಕೋಟೆ ಹಾಯ್ದು ಬೀಳಗಿ ಕಡೆ ಹೊರಟೆವು.

ಎರಡನೇ ಊರಲ್ಲೂ ಅದೇ ಮಾತು. ಕೊನೀ ಊರಾಗ. ಢೋಲಕ್ ಬಾರಿಸೋ ಹುಡುಗ ನನ್ನ ಕಿವಿಯಲ್ಲಿ, "ಕಾಕಾ, ಇವಾ ಯಾಕೋ ನಿಮ್ಮನ್ನ ಕಮಿಟಿಯವರ ಕೂಡ ಮಾತಾಡಾಕs ಬಿಡವಲ್ಲ ನೋಡ್ರಿ" ಅಂದ. ಇಪ್ಪತ್ತೆರಡರ ಹುಡುಗ. ನಾನು ಗದರಿಸಿದೆ. "ನೀ ನಿನ್ನ ತಾಳ ನೋಡ್ಕೋ" ಅಂದೆ. ಅವನಿಗೆ ಕಂಡದ್ದು ನನಗೆ ಕಾಣಲಿಲ್ಲ.

ಮೂರನೇ ಊರಿಗೆ ಏಜೆಂಟ್ ಬರಲಿಲ್ಲ. ಜಮಖಂಡಿ ದಾಟುವಾಗ ಫೋನ್. "ಅವ್ವಗ ಬಿಪಿ ಏರೈತ್ರಿ, ದವಾಖಾನ್ಯಾಗ ಅದೀನಿ. ನೀವು ಕಾರ್ಯಕ್ರಮ ಮಾಡ್ರಿ, ರಾತ್ರಿ ಎಷ್ಟೊತ್ತಾದ್ರೂ ಬಂದು ರೊಕ್ಕ ಕೈಯಾಗ ಇಡ್ತೀನಿ." ಅವ್ವನ ಹೆಸರು ತೆಗೆದ ಮೇಲೆ ಏನು ಕೇಳ್ತೀರಿ? ಹುಷಾರಾಗಿ ನೋಡ್ಕೋ ಅಂದೆ.

ಅವತ್ತು ನಮ್ಮ ಹುಡುಗರು ಜೀವ ಬಿಟ್ಟು ಬಾರಿಸಿದರು. ಮುಗಿದಾಗ ಒಂದೂವರೆ. ಫೋನ್ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ವೈರ್ ಸುತ್ತೋ ನೆಪದಲ್ಲಿ ಅರ್ಧ ತಾಸು ಕಳೆದೆ. ಹುಡುಗರು ನನ್ನ ಮುಖ ನೋಡ್ತಿದ್ದರು. ಕೊನೆಗೆ ಕಮಿಟಿ ಹಿರಿಯರ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ಗೌಡ್ರ, ನಮ್ಮ ಬಾಕಿದೊಂದು..."

"ಯಾವ ಬಾಕಿ?" ಅಂದರು.

ಆಮೇಲೆ ಗುಡಿಯ ಕಟ್ಟೆ ಮೇಲೆ ಕೂತು, ಪಟ್ಟಿ (ಊರವರ ಚಂದಾ) ಎತ್ತಿದ ಲೆಕ್ಕದ ಫೈಲ್ ತರಿಸಿದರು. ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. ಟ್ಯೂಬ್‌ಲೈಟ್ ಬೆಳಕಿಗೆ ಹಿಡಿದೆ. ಮೇಲೆ ನಮ್ಮ ತಂಡದ ಹೆಸರು, ನವಿಲಿನ ಚಿತ್ರ. ನಡುವೆ ಟೈಪ್ ಮಾಡಿದ ನಾಲ್ಕು ಸಾಲು. ರಸಮಂಜರಿ ಕಾರ್ಯಕ್ರಮದ ಬಾಬ್ತು 72,000 ರೂಪಾಯಿ ಪೂರ್ತಿ ಮುಟ್ಟಿದೆ, ಇನ್ನು ಯಾವುದೇ ಬಾಕಿ ಇರುವುದಿಲ್ಲ. ಕೆಳಗೆ ನನ್ನ ಸಹಿ. ಖೊಟ್ಟಿ ಸಹಿ ಅಲ್ಲ, ನನ್ನದೇ. ಕೆಳಗಿನ ಮೂಲೆಯಲ್ಲಿ ಚಹಾ ಗ್ಲಾಸಿನ ದುಂಡು ಕಲೆ.

ಆ ಕಲೆ ನೋಡಿದ ಮೇಲೆ ನನಗೆ ಬಾಯಿ ಬರಲಿಲ್ಲ. ಸಹಿ ನನ್ನದಲ್ಲ ಅಂತ ಸುಳ್ಳಾದರೂ ಹೇಳಬಹುದಿತ್ತೇನೋ. ಆ ಕಲೆ ಇತ್ತಲ್ಲ.

"ಇದು ನಿಮ್ಮ ಸಹಿ ಹೌದಲ್ಲೋ?" ಅಂದರು ಗೌಡರು.

"ಹೌದ್ರಿ."

"ಮತ್ತ?"

ಹಿಂದಿನಿಂದ ಒಬ್ಬ ಹುಡುಗ, "ಇವರೂ ಅವನೂ ಕೂಡೇ ಆಟ ಹೂಡ್ಯಾರ್ರಿ ಗೌಡ್ರ, ಎರಡ ಸಲ ರೊಕ್ಕ ಎತ್ತಾಕ" ಅಂದ. ನನ್ನ ತಂಡದವರೆಲ್ಲಾ ಕೇಳಿಸಿಕೊಂಡರು. ಮೈಕ್‌ನಲ್ಲಿ ತಾಸುಗಟ್ಟಲೆ ಶರಣು ಶರಣು ಅಂದ ನಮ್ಮ ನಿರೂಪಕ ತಲೆ ತಗ್ಗಿಸಿ ನಿಂತಿದ್ದ. ಗೌಡರು ದೊಡ್ಡವರು, ಆ ಹುಡುಗನನ್ನ ಸುಮ್ಮನಿರಿಸಿ ತಮ್ಮ ಕಿಸೆಯಿಂದ 2,000 ತೆಗೆದರು. "ಹೆಣ್ಣಮಕ್ಕಳು ಅದಾರ, ಎಣ್ಣಿ ಹಾಕಿಸ್ಕೊಂಡು ಹೋಗ್ರಿ" ಅಂದರು. ಒಂದು ಬುತ್ತಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿದರು. ಕುಡಚಿ, ಅಥಣಿ ದಾಟಿ ತಿಕೋಟಾ ಬರೋವರೆಗೂ ಗಾಡಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ರೊಟ್ಟಿ ಗಂಟು ಬಿಚ್ಚಲೂ ಇಲ್ಲ.

ಮರುದಿನ ಉಳಿದೆರಡು ಊರಿಗೆ ಫೋನ್ ಮಾಡಿದೆ. ಒಂದು ಕಡೆ 65,000, ಇನ್ನೊಂದು ಕಡೆ 70,000. ಎರಡೂ ಕಡೆ ನಮ್ಮ ಲೆಟರ್‌ಹೆಡ್. ಒಟ್ಟು 2,07,000 ಎತ್ತಿ ನಮಗೆ ಕೊಟ್ಟದ್ದು 25,000. ಕಮಿಷನ್ ತಿನ್ನಲಿ, ಎಲ್ಲರೂ ತಿನ್ತಾರೆ, ಅದಕ್ಕೆ ಯಾರೂ ಬೇಡ ಅನ್ನಲ್ಲ. ಇದು ಕಮಿಷನ್ನಾ?

ಮೂರನೇ ದಿನ ಅವನ ಫೋನ್ ಹತ್ತಿತು. ಅವನ ಉತ್ತರಗಳನ್ನ ಹಾಗೇ ಬರೀತೀನಿ. ಮೊದಲು, "ಅಣ್ಣಾರ, ಅವ್ವನ್ನ ಈಗ ಡಿಸ್ಚಾರ್ಜ್ ಮಾಡಿಸಿದೆ." ಆಮೇಲೆ, "ಸರ್ವರ್ ಡೌನ್ ಐತ್ರಿ, ಸಂಜೀಕ ಹಾಕ್ತೀನಿ." ಆಮೇಲೆ, "ಕಮಿಟಿಯವರು ನನಗs ಪೂರಾ ಕೊಟ್ಟಿಲ್ರಿ." ರಸೀದಿ ನೋಡಿದ್ದೀನಿ ಅಂದೆ. ಒಂದು ಕ್ಷಣ ಸುಮ್ಮನಾದ. ಆಮೇಲೆ ದನಿಯೇ ಬೇರೆ. "ಸಹಿ ಮಾಡಿದವರು ಯಾರ್ರಿ? ನಾ ಏನ್ ನಿಮ್ಮ ಕೈ ಹಿಡಿದು ಮಾಡಿಸಿದ್ನೇನು? ರೊಕ್ಕ ಮುಟ್ಟೈತಿ ಅಂತ ನೀವs ಬರೆದು ಕೊಟ್ಟೀರಿ."

ಅಣ್ಣಾರ ಅನ್ನೋದು ಅವತ್ತಿಗೆ ನಿಂತಿತು.

ಹಿರಿಯ ಕಲಾವಿದರೊಬ್ಬರು ನಡುವೆ ಬಂದು ಗದರಿಸಿದ ಮೇಲೆ 60,000ಕ್ಕೆ ಒಂದು ಚೆಕ್ ಕೊಟ್ಟ, ಏಪ್ರಿಲ್ 28ರ ತಾರೀಖು. ಬ್ಯಾಂಕಿಗೆ ಹಾಕಿದೆ. ವಾಪಸ್ ಬಂತು. ಕಾರಣ ಏನು ಗೊತ್ತಾ? ಸಹಿ ತಾಳೆಯಾಗಿಲ್ಲ. ನನ್ನ ಸಹಿ ಐದು ಕಡೆ ತಾಳೆ ಆಗುತ್ತೆ, ಅವನದು ಒಂದು ಕಡೆಯೂ ಇಲ್ಲ. ಕೇಳಿದರೆ, "ಕೈ ನಡುಗಿತ್ರಿ, ಬ್ಯಾರೆ ಕೊಡ್ತೀನಿ" ಅಂದ. ಈ ಬೇರೆ ಚೆಕ್ ಕಾಯುತ್ತಾ 41 ದಿನ ಕಳೆದೆ. ಠಾಣೆಗೆ ಹೋದರೆ ಅಲ್ಲೂ ಮೊದಲ ಪ್ರಶ್ನೆ, "ಸಹಿ ನಿಮ್ಮದs ಐತಲ್ರಿ?"

ಕೊನೆಗೆ ವಕೀಲರ ಹತ್ತಿರ ಹೋದೆ. ಬೈದರು. ಚೆಕ್ ವಾಪಸ್ ಬಂದ ಮೆಮೋ ಕೈಗೆ ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು, ನೋಟಿಸ್ ಮುಟ್ಟಿದ 15 ದಿನದಲ್ಲಿ ದುಡ್ಡು ಬರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಕೇಸ್ ಹಾಕಬೇಕು. ನಾನು ಅವನ ಮಾತು ಕೇಳುತ್ತಾ ಆ 30 ದಿನ ಕಳೆದುಬಿಟ್ಟಿದ್ದೆ. ಪುಣ್ಯಕ್ಕೆ ಚೆಕ್‌ಗೆ ಮೂರು ತಿಂಗಳ ಆಯುಷ್ಯ. ಅದರೊಳಗೇ ಇನ್ನೊಮ್ಮೆ ಹಾಕಿಸಿದರು, ಇನ್ನೊಮ್ಮೆ ವಾಪಸ್ ಬಂತು, ಆಗ ನೋಟಿಸ್ ಹೋಯಿತು. ಸಹಿ ತಾಳೆಯಾಗದೆ ವಾಪಸ್ ಬಂದರೂ ಕೇಸ್ ನಿಲ್ಲುತ್ತೆ ಅಂತ 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ನೋಟಿಸ್ ಲಕೋಟೆ ಮನೆ ಬೀಗ ಅಂತ ತಿರುಗಿ ಬಂದಿದೆ. ವಿಳಾಸ ಸರಿ ಇದ್ದರೆ ಅದೂ ಮುಟ್ಟಿದ ಲೆಕ್ಕವೇ ಅಂದರು. ನೋಡೋಣ.

ತಂಡದವರಿಗೆ ಭಾವನ ಹತ್ತಿರ ಸಾಲ ಮಾಡಿ ಅರ್ಧ ಪಗಾರ ಕೊಟ್ಟೆ. ಗಾಡಿ ಬಾಡಿಗೆ ಇನ್ನೂ ಬಾಕಿ. ಮಗು ಬಿಟ್ಟು ಬಂದ ಆ ಹುಡುಗಿ ಈಗ ಬೇರೆ ತಂಡಕ್ಕೆ ಹಾಡ್ತಾಳೆ, ಎದುರಿಗೆ ಸಿಕ್ಕರೆ "ಆರಾಮ ಅದೀರೇನ್ರಿ ಕಾಕಾ" ಅಂತಾಳೆ, ಅಷ್ಟೇ. ಮನೆಯಾಕೆ ಒಂದೇ ಮಾತು ಅಂದಳು. "ನಿಮ್ಮ ಸಹಿ ಭಾಳ ಚಂದ ಅಂತ ಎಲ್ಲಾರಿಗೂ ತೋರಸ್ತಿದ್ರಲ್ಲ."

ತಂಡ ನಡೆಸೋರಿಗೆ ಹೇಳೋದಿಷ್ಟೇ. ಖಾಲಿ ಹಾಳೆಗೆ ಸಹಿ ಮಾಡಬೇಡಿ, ದೇವರೇ ಬಂದು ಕೇಳಿದರೂ ಮಾಡಬೇಡಿ. ಏಜೆಂಟ್ ಇರಲಿ, ಆದರೆ ಹೋಗೋ ಮೊದಲು ಕಮಿಟಿಯವರಿಗೆ ನೀವೇ ಫೋನ್ ಮಾಡಿ ಎಷ್ಟಕ್ಕೆ ಮಾತಾಗಿದೆ ಅಂತ ಕೇಳಿ. ಅವನಿಗೆ ಬೇಜಾರಾದರೆ ಆಗಲಿ. ಆ ಊರಿನ ಲೆಕ್ಕ ಆ ಊರಲ್ಲೇ ಮುಗಿಸಿ, ಕೊನೆ ಹಾಡಿಗೆ ಮುಂಚೆ. ಮಂಗಳ ಹಾಡಿದ ಮೇಲೆ ನಿಮ್ಮ ಮಾತು ಯಾರೂ ಕೇಳಲ್ಲ. ಕಮಿಟಿಯವರೇ, ನೀವೂ ಅಷ್ಟೇ, ತಂಡದವರ ಖಾತೆಗೇ ನೇರ ಹಾಕಿ.

ಇಷ್ಟು ದಿನ ಸುಮ್ಮನಿದ್ದವನು ಈಗ ಬರೀತಿರೋದಕ್ಕೆ ಕಾರಣ ಇದೆ. ಗಣಪತಿ ಬುಕಿಂಗ್ ಶುರುವಾಗಿವೆ. ನಿನ್ನೆ ಗೋಕಾಕ ಕಡೆಯ ಒಂದು ಹೊಸ ತಂಡದ ಹುಡುಗ ಫೋನ್ ಮಾಡಿದ್ದ. ಏಜೆಂಟ್ ಒಬ್ಬ ಸಿಕ್ಕಿದ್ದಾನಂತೆ, ಬಹಳ ಒಳ್ಳೆಯವನಂತೆ, ಅಡ್ವಾನ್ಸ್ ಆಗಲೇ ಹಾಕಿದ್ದಾನಂತೆ. "ಮೈಕ್ ಪರ್ಮಿಶನ್ನಿಗೆ ಲೆಟರ್‌ಹೆಡ್ ಬೇಕಂತ್ರಿ ಸರ, ನೀವು ಹ್ಯಾಂಗ ಕೊಡ್ತೀರಿ?" ಅಂದ.

"ಎಷ್ಟು ಹಾಳಿ ಕೇಳ್ಯಾನ?" ಅಂದೆ.

"ಐದು ಸಾಕು ಅಂದಾನ್ರಿ."

ನನ್ನ ಐದರಲ್ಲಿ ಮೂರು ಊರಿಗೆ ಮೂರು ಹೋದವು. ಸಹಿ, ಸೀಲು ಎರಡೂ ಇರೋ ಇನ್ನೆರಡು ಹಾಳೆ ಈಗಲೂ ಅವನ ಹತ್ತಿರವೇ ಇವೆ. ನವಿಲಿನ ಚಿತ್ರದ ಲೆಟರ್‌ಹೆಡ್ ಹಿಡಿದು ಯಾರಾದರೂ ನಿಮ್ಮೂರಿಗೆ ಬಂದರೆ, ದುಡ್ಡು ಕೊಡಬೇಡಿ. ಅದು ನಾನಲ್ಲ.