ಮಾಂಡೋವಿ, ವಿಸ್ಟಾಡೋಮ್, ವಂದೇ ಭಾರತ್: ಗೋವಾಕ್ಕೆ ಯಾವ ಗಾಡಿ?

ಮುಂಬಯಿಯಿಂದ ಗೋವಾಕ್ಕೆ ಹಗಲಿನ ಗಾಡಿಗಳಲ್ಲಿ ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಗೋವಾ ಬೇಕೋ, ರೈಲು ಬೇಕೋ? ಗೋವಾ ಸಾಕು ಅನ್ನುವವರಿಗೆ ಉತ್ತರ ಸುಲಭ. ವಂದೇ ಭಾರತ್ ಹತ್ತಿ, ಮಧ್ಯಾಹ್ನದ ಊಟಕ್ಕೆ ಮಡಗಾವಿನಲ್ಲಿರುತ್ತೀರಿ. ರೈಲೂ ಬೇಕು ಅನ್ನುವವರು ಮುಂದೆ ಓದಿ.

ನಾನಿರುವುದು ಡೊಂಬಿವಲಿ ಪೂರ್ವದಲ್ಲಿ, ನಿಳಜೆ ಸ್ಟೇಷನ್ನಿನ ಹತ್ತಿರ. ಊರು ಅಂಕೋಲೆ. ಕೊಂಕಣದ ಗಾಡಿಗಳು ಠಾಣೆ, ದಿವಾ ದಾಟಿ ಪನವೇಲಿಗೆ ಹೋಗುವಾಗ ನಮ್ಮ ನಿಳಜೆಯ ಮೇಲೇ ಹಾಯುತ್ತವೆ. ಆದರೆ ನಾನು ಹತ್ತುವ ಯಾವ ಗಾಡಿಯೂ ಇಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಕತ್ತಲಲ್ಲೇ ಎದ್ದು, ಲೋಕಲ್ ಹಿಡಿದು ಠಾಣೆಗೆ ಹಿಂದಕ್ಕೆ ಹೋಗಿ, ಅಲ್ಲಿ ಗಾಡಿ ಹತ್ತಿ, ಮತ್ತೆ ನಮ್ಮ ಕಟ್ಟಡದ ಮುಂದೆಯೇ ಹಾದು ಹೋಗಬೇಕು. ಇದನ್ನು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಮನೆಯವರು ಬೈಯುವುದನ್ನೂ ಬಿಟ್ಟಿದ್ದಾರೆ.

ನಾನು ಹೋಲಿಸುತ್ತಿರುವುದು ಮುಖ್ಯವಾಗಿ ಮೂರು ಗಾಡಿ. ಜನಶತಾಬ್ದಿ, ಅದಕ್ಕೆ 2017ರಲ್ಲಿ ಸೇರಿದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ. 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್. ಮತ್ತೆ ನಮ್ಮ ಹಳೇ ಮಾಂಡೋವಿ. ಮಧ್ಯೆ ತೇಜಸ್ ಕೂಡ ಇದೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಚ್ಚುಕಮ್ಮಿ ಜನಶತಾಬ್ದಿಯಷ್ಟೇ ಹೊತ್ತು, ವಂದೇ ಭಾರತ್‌ನ ಹಾಗೆ ಮುಚ್ಚಿದ ಕಿಟಕಿ. ಎರಡರ ನಡುವೆ ಅದಕ್ಕೆ ತನ್ನದೇ ಆದ ಗುಣ ಅಂತ ನನಗೇನೂ ಕಾಣಲಿಲ್ಲ.

ಮೊದಲು ವಿಸ್ಟಾಡೋಮ್. ಅದಕ್ಕೆ ಬಂದ ಹೊಗಳಿಕೆಯಲ್ಲಿ ಅರ್ಧ ಸರಿ. ತಿರುಗುವ ಸೀಟು, ದೊಡ್ಡ ಗಾಜು, ತಲೆಯ ಮೇಲೂ ಆಕಾಶ. ಚಿಪಳೂಣದ ಹತ್ತಿರ ವಾಶಿಷ್ಠಿ ಹೊಳೆ ದಾಟುವಾಗ, ಮಳೆಗಾಲದಲ್ಲಿ ಉಕ್ಷಿ ಸ್ಟೇಷನ್ನಿನ ಜಲಪಾತದ ಹತ್ತಿರ, ಕೊಟ್ಟ ದುಡ್ಡು ವಸೂಲಾಯಿತು ಅನಿಸುತ್ತದೆ. ಆದರೆ ಕೊಂಕಣ ರೈಲ್ವೆ ಅಂದರೆ ಸುರಂಗಗಳ ದಾರಿ. 90ಕ್ಕೂ ಹೆಚ್ಚು ಸುರಂಗ ಇವೆ. ರತ್ನಾಗಿರಿಗೆ ಮುಂಚೆ ಬರುವ ಕರಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್. ಸುರಂಗದೊಳಗೆ ಗಾಜಿನ ಚಾವಣಿ ಇದ್ದರೇನು, ತಗಡಿನ ಚಾವಣಿ ಇದ್ದರೇನು? ಒಳಗಿನ ದೀಪ ಗಾಜಿಗೆ ಬಡಿದು ನಮ್ಮ ಮುಖವೇ ನಮಗೆ ಕಾಣುತ್ತದೆ. ಬೋಗಿಯ ಒಂದು ತುದಿಯಲ್ಲಿ ನಿಂತು ನೋಡುವ ಲಾಂಜ್ ಇದೆ. ಅದು ಗಾಡಿಯ ಬಾಲದ ಕಡೆಗಿದ್ದರೆ ಸ್ವರ್ಗ. ಹಿಂದೆ ಸರಿಯುವ ಹಳಿ, ಚಿಕ್ಕದಾಗುತ್ತಾ ಹೋಗುವ ಸುರಂಗದ ಬಾಯಿ ಎಲ್ಲ ಕಾಣುತ್ತದೆ. ಲಾಂಜ್ ಬೇರೆ ಬೋಗಿಯ ಕಡೆಗಿದ್ದರೆ ಗೋಡೆ ನೋಡಿಕೊಂಡು ಸೆಲ್ಫಿ ತೆಗೆಯಬೇಕು ಅಷ್ಟೆ.

ಒಂದು ಕಿವಿಮಾತು. ಅದೇ ಜನಶತಾಬ್ದಿಯಲ್ಲಿ ಎಸಿ ಇಲ್ಲದ ಸೆಕೆಂಡ್ ಸಿಟಿಂಗ್ ಬೋಗಿಗಳೂ ಇವೆ. ಕಿಟಕಿ ತೆರೆಯುತ್ತದೆ. ಟಿಕೆಟ್ ವಿಸ್ಟಾಡೋಮ್‌ಗಿಂತ ಎಷ್ಟೋ ಕಡಿಮೆ. ವಿಸ್ಟಾಡೋಮ್ ಸಿಗದೆ ಅದರಲ್ಲಿ ಹೋದವರು ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ನಾನಂತೂ ಈಗ ಬೇಕಂತಲೇ ಅದನ್ನೇ ತೆಗೆಯುತ್ತೇನೆ.

ವಂದೇ ಭಾರತ್‌ಗೆ ಬರೋಣ. ಅದರ ಉದ್ಘಾಟನೆ ಮೊದಲು 2023ರ ಜೂನ್ 3ಕ್ಕೆ ಇತ್ತು. ಹಿಂದಿನ ದಿನವೇ ಒಡಿಶಾದ ಬಾಲಸೋರ್‌ನಲ್ಲಿ ರೈಲು ಅಪಘಾತವಾಗಿ ಮುಂದೆ ಹೋಯಿತು. ಕೊನೆಗೆ ಜೂನ್ 27ಕ್ಕೆ ಚಾಲನೆ ಸಿಕ್ಕಿತು. ಎಂಟು ಬೋಗಿಯ ಗಾಡಿ, ಎಂಟು ಗಂಟೆಯೊಳಗೆ ಮಡಗಾವು. ಪನವೇಲ್ ಬಿಟ್ಟ ಮೇಲೆ ಖೇಡ್, ರತ್ನಾಗಿರಿ, ಕಣಕವಲಿ, ಥಿವಿಂ ಹೀಗೆ ಕೆಲವೇ ಕಡೆ ನಿಲ್ಲುತ್ತದೆ. ಸೀಟು ಚೆನ್ನ, ಶೌಚಾಲಯ ಚೆನ್ನ, ಸದ್ದು ಕಡಿಮೆ. ಒಮ್ಮೆ ತಂಗಿಯ ಮಗನನ್ನು ಕರೆದುಕೊಂಡು ಹೋಗಿದ್ದೆ. ಠಾಣೆಯಲ್ಲಿ ಗಾಡಿಯ ಮೂತಿ ನೋಡಿ ಹುಡುಗ ಕೇಳಿದ:

"ಮಾವ, ಇದಕ್ಕೆ ಇಂಜಿನ್ನೇ ಇಲ್ವಲ್ಲ, ಹೆಂಗೆ ಹೋಗ್ತದೆ?"

"ನಮ್ಮ ಲೋಕಲ್ ಹೆಂಗೆ ಹೋಗ್ತದೋ ಹಂಗೇ ಕಣೋ. ಮೋಟರು ಬೋಗಿಗಳ ಅಡಿಯಲ್ಲೇ ಇರ್ತದೆ."

"ಹಂಗಾದ್ರೆ ಇದು ದುಬಾರಿ ಲೋಕಲ್ಲು!"

ನನಗೆ ತುಂಬಾ ಇಷ್ಟವಾದ ಮಾತು. ಲೋಕಲ್ಲಿನ ಹಾಗೇ ಇದೂ ಸಟ್ಟನೆ ವೇಗ ಹಿಡಿಯುತ್ತದೆ. ನಿಂತು ಹೊರಡುವಾಗ ಇಂಜಿನ್ ಎಳೆಯುವ ಆ ಸಣ್ಣ ಜಗ್ಗು ಇರುವುದೇ ಇಲ್ಲ. ಆದರೆ ರೈಲು ಹುಚ್ಚರಿಗೆ ಕಷ್ಟ ಇಲ್ಲೇ. ತಿರುವಿನಲ್ಲಿ ಬಗ್ಗಿ ನೋಡಲು ಮುಂದೆ ಇಂಜಿನ್ ಇಲ್ಲ, ಬಗ್ಗಲು ತೆರೆದ ಕಿಟಕಿಯೂ ಇಲ್ಲ. ಇನ್ನೊಂದು ದೂರು ಇದಕ್ಕಿಂತ ದೊಡ್ಡದು. ಎಲ್ಲರೂ ಅದಕ್ಕೆ ದಾರಿ ಬಿಡುತ್ತಾರೆ. ಅದಕ್ಕಾಗಿ ಪಕ್ಕದ ಹಳಿಯಲ್ಲಿ ಕಾಯುತ್ತಿರುವ ಗಾಡಿಗಳು ಗಾಜಿನಾಚೆ ಬಣ್ಣದ ಪಟ್ಟಿಯಂತೆ ಸರ್ರನೆ ಹೋಗಿಬಿಡುತ್ತವೆ. ಯಾವ ಇಂಜಿನ್, ಯಾವ ಶೆಡ್ಡಿನದು (ಇಂಜಿನ್‌ಗಳನ್ನು ಇಟ್ಟು ರಿಪೇರಿ ಮಾಡುವ ಜಾಗ) ಅಂತ ಓದುವಷ್ಟೂ ಹೊತ್ತು ಸಿಗುವುದಿಲ್ಲ.

ಮಾಂಡೋವಿ ಗೆಲ್ಲುವುದು ಈ ಕಾರಣಕ್ಕೇ. ಅದು ಕಾಯುವ ಗಾಡಿ.

ಕೊಂಕಣ ರೈಲ್ವೆ ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್. ರೋಹಾದಿಂದ ವೀರ್‌ವರೆಗಿನ ಸುಮಾರು 47 ಕಿಲೋಮೀಟರ್ ಮಾತ್ರ 2021ರಲ್ಲಿ ಜೋಡಿ ಹಳಿಯಾಯಿತು. ವೀರ್ ದಾಟಿ ಗೋವಾದವರೆಗೂ ಒಂಟಿ ಹಳಿ. ಎದುರಿನಿಂದ ಗಾಡಿ ಬಂದರೆ ಇಬ್ಬರಲ್ಲಿ ಒಬ್ಬರು ಸ್ಟೇಷನ್ನಿನ ಲೂಪ್ ಲೈನಿಗೆ, ಅಂದರೆ ಪಕ್ಕದ ಹಳಿಗೆ, ಸರಿದು ನಿಲ್ಲಲೇಬೇಕು. ವೇಗದ ಗಾಡಿಗಳೆಲ್ಲ ಬೆಳಿಗ್ಗೆ ಆರರೊಳಗೇ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ ಬಿಟ್ಟಿರುತ್ತವೆ. ಮಾಂಡೋವಿ ಹೊರಡುವುದು ಏಳರ ಮೇಲೆ. ಮಧ್ಯಾಹ್ನ ಆ ವೇಗದ ಗಾಡಿಗಳು ಮಡಗಾವು ಮುಟ್ಟಿ ಮುಂಬಯಿಯ ಕಡೆ ತಿರುಗಿ ಹೊರಡುತ್ತವೆ. ಅಷ್ಟರಲ್ಲಿ ನಮ್ಮ ಮಾಂಡೋವಿ ಕಣಕವಲಿ, ಕುಡಾಳದ ಆಸುಪಾಸು ತಲುಪಿರುತ್ತದೆ. ಸಂಜೆಯ ಚಹಾ ಹೊತ್ತಿಗೆ ಎಲ್ಲವೂ ಒಂದಾದ ಮೇಲೊಂದು ಎದುರಾಗುತ್ತವೆ. ಬೆಳಿಗ್ಗೆ ಟಿಕೆಟ್ ಕೊಟ್ಟು ಹತ್ತಬಹುದಾಗಿದ್ದ ಗಾಡಿಗಳನ್ನೆಲ್ಲ ಕೂತಲ್ಲೇ ನೋಡಬಹುದು.

ಕ್ರಾಸಿಂಗ್ ಹೇಗಿರುತ್ತದೆ ಅಂದರೆ, ಗಾಡಿ ಲೂಪಿಗೆ ಬಂದು ನಿಂತ ಕೂಡಲೇ ಎಲ್ಲ ಸದ್ದೂ ಅಡಗುತ್ತದೆ. ನಾಲ್ಕು ಜನ ಕೈಕಾಲು ಆಡಿಸಲು ಇಳಿಯುತ್ತಾರೆ. ಆಫೀಸಿನಿಂದ ಬಿಳಿ ಅಂಗಿಯ ಸ್ಟೇಷನ್ ಮಾಸ್ಟರ್ ಹಸಿರು ಬಾವುಟ ಹಿಡಿದು ಹೊರಗೆ ಬರುತ್ತಾರೆ. ಅಂದರೆ ಎದುರಿನ ಗಾಡಿ ಹತ್ತಿರ ಬಂತು ಅಂತ ಲೆಕ್ಕ. ಹಳಿ ಬದಲಿಸುವ ಪಾಯಿಂಟ್ ಮೋಟರ್ ಗುರ್ ಅಂದು ಹಳಿ ಕಚ್ಚಿಕೊಳ್ಳುವ ಟಕ್ ಸದ್ದು ಕೇಳುತ್ತದೆ. ಪಕ್ಕದ ಹಳಿ ಸಣ್ಣಗೆ ಗುಂಯ್ ಅನ್ನಲು ಶುರು. ಆಮೇಲೆ ಬಿಳಿ ನೀಲಿ ವಂದೇ ಭಾರತ್ ಧೂಳೆಬ್ಬಿಸಿಕೊಂಡು ಹೋದರೆ ಕೈಯಲ್ಲಿನ ಚಹಾ ಲೋಟ ಗಟ್ಟಿ ಹಿಡಿಯಬೇಕು. ಮುಗಿಯಿತು ಅಂದುಕೊಂಡರೆ ಸಿಗ್ನಲ್ ಇನ್ನೂ ಕೆಂಪು. ಹಿಂದೆ ಇನ್ನೊಂದು ಬರುತ್ತಿದೆ ಅಂತ ಅರ್ಥ.

ಅದೃಷ್ಟ ಇದ್ದರೆ ಆ ಇನ್ನೊಂದು ರೋ-ರೋ ಆಗಿರುತ್ತದೆ. ತುಂಬಿದ ಲಾರಿಗಳನ್ನೇ ಸಾಲಾಗಿ ಚಪ್ಪಟೆ ವ್ಯಾಗನ್‌ಗಳ ಮೇಲೆ ಹತ್ತಿಸಿ ಒಯ್ಯುವ ಗಾಡಿ. 1999ರಿಂದ ನಡೆಯುತ್ತಿದೆ. ಕೋಲಾಡಿನಿಂದ ಗೋವಾದ ವೆರ್ಣಾಕ್ಕೆ, ನಮ್ಮ ಸುರತ್ಕಲ್ಲಿಗೆ ಲಾರಿಗಳು ಹೀಗೇ ಬರುತ್ತವೆ. ಚಾಲಕರೂ ಕ್ಲೀನರುಗಳೂ ತಮ್ಮ ತಮ್ಮ ಲಾರಿಯಲ್ಲೇ ಇರುತ್ತಾರೆ. ಒಬ್ಬರು ಸ್ಟೇರಿಂಗ್ ಮೇಲೆ ಕಾಲು ಚಾಚಿ ಮಲಗಿದ್ದರು, ಕನ್ನಡಿಗೆ ಲುಂಗಿ ಒಣಹಾಕಿತ್ತು. ಲಾರಿಯ ನಂಬರ್ ಕೆಎ ಅಂತಿತ್ತು. ನಮ್ಮ ಬೋಗಿಯ ಹುಡುಗರು ಕೂಗಿ ಕೈಬೀಸಿದರೂ ಎದ್ದೇಳಲಿಲ್ಲ. ಇದನ್ನು ವಿಸ್ಟಾಡೋಮ್‌ನ ಗಾಜು ತೋರಿಸುವುದಿಲ್ಲ ಅಂತಲ್ಲ. ಪಕ್ಕದಲ್ಲಿ ನಿಂತು ನೋಡುವ ಪುರುಸೊತ್ತು ಅಲ್ಲಿಲ್ಲ ಅಷ್ಟೆ.

ಊಟದ ವಿಷಯಕ್ಕೆ ಮಾಂಡೋವಿಯ ಹೆಸರು ಮೊದಲಿನಿಂದಲೂ ದೊಡ್ಡದು. ಬಟಾಟಾ ವಡಾ, ಕಾಂದಾ ಭಜಿ, ಸಾಬುದಾನಾ ವಡಾ, ಚಿಕನ್ ಲಾಲಿಪಾಪ್, ಗುಲಾಬ್ ಜಾಮೂನು ಎಲ್ಲ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಚಿಪಳೂಣ ದಾಟುವುದರೊಳಗೆ ಹೊಟ್ಟೆ ತುಂಬಿ ಹೋಗುತ್ತದೆ. ಆಮೇಲೆ ಬರುವುದನ್ನೆಲ್ಲ ಸುಮ್ನೆ ನೋಡುತ್ತಾ ಕೂರುವುದು. ವಂದೇ ಭಾರತ್‌ನಲ್ಲಿ ಟಿಕೆಟ್ಟಿನ ಜೊತೆ ಬರುವ ತಟ್ಟೆ ಚೊಕ್ಕಟ. ಆದರೆ ಆಯ್ಕೆ ಮಾಡುವ ಖುಷಿ ಇಲ್ಲ.

ಮಾಂಡೋವಿಯಲ್ಲಿ ಕಳೆದುಹೋದದ್ದೂ ಇದೆ. ಮೊದಲು ಕಲ್ಯಾಣ ಶೆಡ್ಡಿನ, ಆಲ್ಕೋ ಅನ್ನುವ ಹಳೇ ಮಾದರಿಯ ಡೀಸೆಲ್ ಇಂಜಿನ್‌ಗಳು ಈ ದಾರಿಯ ಗಾಡಿಗಳನ್ನು ಎಳೆಯುತ್ತಿದ್ದವು. ಸ್ಟೇಷನ್ ಬಿಡುವಾಗ ಕಪ್ಪು ಹೊಗೆ, ಎದೆಗೇ ತಾಗುವ ಗುಡುಗು. ಕರಬುಡೆಯೊಳಗೆ ಡೀಸೆಲ್ ವಾಸನೆ ತುಂಬಿ ಹೆಂಗಸರೆಲ್ಲ ಸೆರಗು ಮೂಗಿಗೆ ಹಿಡಿಯುತ್ತಿದ್ದರು. 2022ರಲ್ಲಿ ಇಡೀ ಮಾರ್ಗ ವಿದ್ಯುದೀಕರಣವಾಯಿತು. ಈಗ ಸುರಂಗದಲ್ಲಿ ಕಿಟಕಿ ತೆರೆದರೆ ಬರುವುದು ಬರೀ ತಣ್ಣನೆ ಕಲ್ಲಿನ ಗಾಳಿ. ಒಳ್ಳೆಯದೇ ಆಯಿತು. ಆದರೂ ಆಲ್ಕೋ ಸದ್ದಿನ ಹಳೇ ರೆಕಾರ್ಡಿಂಗ್ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.

ಗೋವಾಕ್ಕೆ ಇನ್ನೊಂದು ದಾರಿ ಇದೆ ಅಂತ ಮುಂಬಯಿಯ ಹೆಚ್ಚಿನವರಿಗೆ ನೆನಪೇ ಇಲ್ಲ. ಪುಣೆ, ಮೀರಜ್, ಬೆಳಗಾವಿ, ಲೋಂಡಾ ಮೇಲೆ ಹೋಗಿ ಕ್ಯಾಸಲ್‌ರಾಕ್‌ನಲ್ಲಿ ಘಟ್ಟ ಇಳಿಯುವುದು. ನಮ್ಮ ಅಪ್ಪನ ಕಾಲದಲ್ಲಿ ಕೊಂಕಣ ರೈಲ್ವೆ ಎಲ್ಲಿತ್ತು? ಆ ದಾರಿ ಪೂರ್ತಿ ತೆರೆದದ್ದೇ 1998ರಲ್ಲಿ. ಅಂಕೋಲೆಯವರು ಬಸ್ಸಿನಲ್ಲಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದು, ಮೀಟರ್ ಗೇಜ್ ಗಾಡಿ ಹಿಡಿದು, ಮೀರಜ್‌ನಲ್ಲಿ ಟ್ರಂಕು ಹಾಸಿಗೆ ಎಲ್ಲ ಇಳಿಸಿ ಬ್ರಾಡ್ ಗೇಜಿಗೆ ಹತ್ತುತ್ತಿದ್ದರು. ಮೀರಜ್‌ನಲ್ಲಿ ಆಗ ನ್ಯಾರೋ ಗೇಜೂ ಇತ್ತು. ಮೂರು ಅಳತೆಯ ಹಳಿ ಒಂದೇ ಊರಲ್ಲಿ. ಅಪ್ಪನಿಗೆ ಅದು ಬರೀ ಕೂಲಿಯ ಖರ್ಚು, ನನಗೆ ಕೇಳಿದರೇ ಹೊಟ್ಟೆಕಿಚ್ಚು.

ಘಟ್ಟದ ದಾರಿಯನ್ನೂ ಹೋಲಿಕೆಗೆ ತಂದರೆ ನೋಟದಲ್ಲಿ ಕೊಂಕಣ ಸೋಲುತ್ತದೆ. ಕ್ಯಾಸಲ್‌ರಾಕ್ ಇರುವುದು ನಮ್ಮ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿ. ಪೋರ್ಚುಗೀಸರ ಕಾಲದಲ್ಲಿ ಅದೇ ಗಡಿ. ಅಲ್ಲಿಂದ ಘಟ್ಟದ ಬುಡದಲ್ಲಿರುವ ಗೋವಾದ ಕುಳೆಯವರೆಗೆ 37 ಅಡಿಗೆ ಒಂದು ಅಡಿ ಇಳಿಜಾರು, ಖಂಡಾಲಾದ ಭೋರ್ ಘಾಟಿನಷ್ಟೇ ಕಡಿದು. ಅದಕ್ಕೇ ಘಟ್ಟ ಹತ್ತುವ ಗಾಡಿಗಳಿಗೆ ಹಿಂದಿನಿಂದ ಒತ್ತಲು ಬ್ಯಾಂಕರ್ ಇಂಜಿನ್ ಜೋಡಿಸುತ್ತಾರೆ. ಮಧ್ಯದಲ್ಲಿ 310 ಮೀಟರಿನ ದೂಧಸಾಗರ, ಅದರ ಎದುರಿಗೇ ಸೇತುವೆ. ಆದರೆ ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿದರೆ ಜಲಪಾತ ಬರುವಾಗ ಕತ್ತಲು. ವಾಸ್ಕೋದಲ್ಲಿರುವ ನಮ್ಮ ಭಾವ ಹೇಳಿಕೊಟ್ಟದ್ದು, "ಬರೋದು ಮಾಂಡೋವೀಲಿ ಬಾ, ಹೋಗೋದು ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಹೋಗು" ಅಂತ. ವಾಸ್ಕೋದಿಂದ ಅದು ಮಧ್ಯಾಹ್ನ ಹೊರಡುವುದರಿಂದ ಘಟ್ಟದಲ್ಲಿ ಇನ್ನೂ ಬೆಳಕಿರುತ್ತದೆ. ಪುಣೆ ಮುಟ್ಟುವುದು ನಸುಕಿನಲ್ಲಿ, ನಿದ್ದೆ ಹಾಳು. ದೂಧಸಾಗರದಲ್ಲಿ ಇಳಿಯಲು ಮಾತ್ರ ಹೋಗಬೇಡಿ, ಅದು ನಿಷಿದ್ಧ.

ಪುಣೆಗೆ ಬಂದವನು ಒಮ್ಮೆ ಕೋಥರೂಡಿನ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡದೆ ಹೋಗುವುದಿಲ್ಲ. ಮಾದರಿ ಗಾಡಿಗಳ ಹುಚ್ಚು ನನಗೆ ಹಿಡಿದದ್ದೇ ಅಲ್ಲಿ. ಮಾದರಿಗಳ ಲೋಕಕ್ಕೆ ಬಂದರೆ ಮೇಲಿನ ತೀರ್ಪು ತಲೆಕೆಳಗಾಗುತ್ತದೆ.

ಜನ ಹೆಚ್ಚಾಗಿ ಸಂಗ್ರಹಿಸುವುದು ಎಚ್‌ಒ ಅಳತೆ, ಅಂದರೆ 87ರಲ್ಲಿ ಒಂದು ಪಾಲು. ನಮ್ಮ ಈಗಿನ ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ ಸುಮಾರು ಇಪ್ಪತ್ತಮೂರೂವರೆ ಮೀಟರ್ ಉದ್ದ. ಎಚ್‌ಒದಲ್ಲಿ ಅದು 27 ಸೆಂಟಿಮೀಟರ್. ಮಾಂಡೋವಿಗೆ 20 ಬೋಗಿ ಅಂತಿಟ್ಟುಕೊಂಡರೂ ಐದು ಮೀಟರ್ ದಾಟಿತು, ಇಂಜಿನ್ ಬೇರೆ. ಡೊಂಬಿವಲಿಯ ಯಾವ ಹಾಲ್‌ನಲ್ಲಿ ಓಡಿಸುತ್ತೀರಿ? ಎಂಟು ಬೋಗಿಯ ವಂದೇ ಭಾರತ್ ಎರಡು ಮೀಟರ್ ಚಿಲ್ಲರೆಗೆ ಮುಗಿಯುತ್ತದೆ. ಟಿವಿ ಇಡುವ ಗೋಡೆಗೆ ಸರಿಯಾಗಿ ಕೂರುತ್ತದೆ. ಎನ್ ಅಳತೆ, ಅಂದರೆ 160ರಲ್ಲಿ ಒಂದು ಪಾಲು ತೆಗೆದುಕೊಂಡರೆ ಮಾಂಡೋವಿಯೂ ಮೂರು ಮೀಟರಿಗೆ ಇಳಿಯುತ್ತದೆ. ಆದರೆ ನಮ್ಮ ಗಾಡಿಗಳು ಆ ಅಳತೆಯಲ್ಲಿ ಸಿಗುವುದು ಕಷ್ಟ. ನನ್ನ ವಯಸ್ಸಿನ ಕಣ್ಣಿಗೆ ಬೋಗಿಯ ಮೇಲಿನ ಅಕ್ಷರವೂ ಕಾಣುವುದಿಲ್ಲ.

ಎಚ್‌ಒಗೂ ಒಂದು ಕೊರತೆ ಇದೆ. ಅದರ ಹಳಿಯ ಅಗಲ 16.5 ಮಿಲಿಮೀಟರ್, ಯುರೋಪಿನ 1435 ಮಿಲಿಮೀಟರ್ ಹಳಿಯ ಲೆಕ್ಕ. ನಮ್ಮ ಬ್ರಾಡ್ ಗೇಜ್ 1676. ಸರಿಯಾಗಿ ಇಳಿಸಿದರೆ 19 ಮಿಲಿಮೀಟರಿಗಿಂತ ಜಾಸ್ತಿ ಬೇಕು. ಹಾಗಾಗಿ ಎಚ್‌ಒ ಹಳಿಯ ಮೇಲೆ ನಮ್ಮ ಗಾಡಿ ದಪ್ಪ ಮೈಗೆ ಸಣ್ಣ ಕಾಲು ಜೋಡಿಸಿದ ಹಾಗೆ ಕಾಣುತ್ತದೆ. ಓಡಿಸುವವರು ಇದನ್ನು ಮರೆಯುತ್ತಾರೆ. ಕಪಾಟಿನಲ್ಲಿಟ್ಟು ನೋಡುವವರಿಗೆ ಕಣ್ಣು ಚುಚ್ಚುತ್ತದೆ. ನಾನು ಎರಡನೇ ಜಾತಿಯವನು. ಅದಕ್ಕೆ ನನ್ನಲ್ಲಿರುವುದು ಒಂದು ಇಂಜಿನ್, ಹಳೇ ಮಾದರಿಯ ಮೂರು ನೀಲಿ ಐಸಿಎಫ್ ಬೋಗಿ, ಒಂದು ಪ್ಯಾಂಟ್ರಿ ಅಂದರೆ ಅಡುಗೆ ಬೋಗಿ. ಹಳಿ ಇಲ್ಲದೆ, ಮರದ ಪಟ್ಟಿಯ ಮೇಲೆ.

ಕೊನೆಗೆ ಟಿಕೆಟ್ ವಿಷಯ. ಮಳೆಗಾಲದ ವೇಳಾಪಟ್ಟಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಇರುತ್ತದೆ. ಗುಡ್ಡ ಕುಸಿಯುವ ಭಯಕ್ಕೆ ಎಲ್ಲ ಗಾಡಿಗಳ ವೇಗ ಇಳಿಸುತ್ತಾರೆ. ವಂದೇ ಭಾರತ್ ಆಗ ವಾರಕ್ಕೆ ಮೂರೇ ದಿನ ಓಡುತ್ತದೆ, ಹತ್ತು ಗಂಟೆ ತೆಗೆದುಕೊಳ್ಳುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅದಕ್ಕೆ ಜಾಸ್ತಿ ದುಡ್ಡು ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅಜ್ಜಿ, ಸಣ್ಣ ಮಗು ಜೊತೆಗಿದ್ದರೆ ಮಾತು ಬೇರೆ. ಮಾಂಡೋವಿಗೆ ಸ್ಲೀಪರ್ ತೆಗೆಯಿರಿ, ಕಿಟಕಿ ತೆರೆಯುತ್ತದೆ. ಬುಕಿಂಗ್ 60 ದಿನ ಮುಂಚೆ ಶುರುವಾಗುತ್ತದೆ, ಗಣಪತಿ ಹಬ್ಬದ ವಾರವಾದರೆ ನಿಮಿಷಗಳಲ್ಲಿ ಮುಗಿದೂ ಹೋಗುತ್ತದೆ. ಸೈಡ್ ಲೋವರ್ ಸಿಕ್ಕರೆ ಬಿಡಬೇಡಿ. ಕಿಟಕಿ ಪೂರ್ತಿ ನಿಮ್ಮದೇ, ಸೈಡ್ ಅಪ್ಪರ್‌ನವರು ಕೆಳಗಿಳಿದು ಕೂರುವವರೆಗೆ.