ಮಾಲ್ ಕಾರ್ಡ್, ಬ್ರ್ಯಾಂಡ್ ಕಾರ್ಡ್, ಬ್ಯಾಂಕ್ ಕಾರ್ಡ್: ದುಬಾರಿ ಮಾಲ್‌ಗೆ ಯಾವುದು ಸರಿ?

ದುಬಾರಿ ಮಾಲ್‌ನ ಬಿಲ್ ಕೌಂಟರ್‌ನಲ್ಲಿ ಗಿಫ್ಟ್ ಕಾರ್ಡ್ ಕೈಕೊಟ್ಟರೆ ಕಾರಣ ಹೆಚ್ಚಾಗಿ ಒಂದೇ. ಕಾರ್ಡ್ ಕೊಂಡವರು ಇಡೀ ಮಾಲನ್ನು ಒಂದೇ ಅಂಗಡಿ ಎಂದುಕೊಂಡಿರುತ್ತಾರೆ. ನಿಜದಲ್ಲಿ ಅದು ಬಾಡಿಗೆಗೆ ಕೊಟ್ಟ ಕಟ್ಟಡ. ಒಳಗಿನ ಒಂದೊಂದು ಮಳಿಗೆಯ ಒಡೆಯರೂ ಬೇರೆ, ಜಿಎಸ್‌ಟಿ ನಂಬರೂ ಬೇರೆ, ಸ್ವೈಪ್ ಮೆಷಿನ್ ಕೊಟ್ಟ ಬ್ಯಾಂಕೂ ಬೇರೆ. ಯಾವ ಕಾರ್ಡ್ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೊದಲು ಬಿಲ್‌ನ ತಲೆಯಲ್ಲಿ ಯಾರ ಹೆಸರಿದೆ ಎಂದು ನೋಡಬೇಕು.

ಬೆಂಗಳೂರಿನ ಯುಬಿ ಸಿಟಿಯನ್ನೇ ತೆಗೆದುಕೊಳ್ಳಿ. ಹಿಂದೆ ಗ್ರಾಂಟ್ ರೋಡ್ ಆಗಿದ್ದ, ಈಗಿನ ವಿಠಲ್ ಮಲ್ಯ ರಸ್ತೆಯಲ್ಲಿ ಯುನೈಟೆಡ್ ಬ್ರೂವರೀಸ್‌ನ ಬಿಯರ್ ಕಾರ್ಖಾನೆ ಇದ್ದ ಜಾಗ ಅದು. ಸುಮಾರು 13 ಎಕರೆಯಲ್ಲಿ ಯುಬಿ ಸಮೂಹ ಮತ್ತು ಪ್ರೆಸ್ಟೀಜ್ ಸಮೂಹ ಸೇರಿ ಯುಬಿ ಟವರ್, ಕಾಮೆಟ್, ಕ್ಯಾನ್‌ಬೆರಾ, ಕಾಂಕಾರ್ಡ್ ಎಂಬ ಕಚೇರಿ ಗೋಪುರಗಳನ್ನೂ ಅವುಗಳ ಬುಡದಲ್ಲಿ 'ದಿ ಕಲೆಕ್ಷನ್' ಎಂಬ ಮಳಿಗೆಗಳ ಸಾಲನ್ನೂ ಕಟ್ಟಿದವು. ಅದು ತೆರೆದದ್ದು 2008ರಲ್ಲಿ. ನಾಲ್ಕು ವರ್ಷ ಮೊದಲು, 2004ರಲ್ಲಿ, ಕೋರಮಂಗಲದ ಫೋರಂ ಬಂದಾಗ ಸಿನಿಮಾ, ಫುಡ್ ಕೋರ್ಟ್, ಬಟ್ಟೆ ಅಂಗಡಿ ಎಲ್ಲ ಒಂದೇ ಸೂರಿನಡಿ ಸೇರಿ ಮನೆಮಂದಿಯೆಲ್ಲ ಹೋಗುವ ಜಾಗವಾಗಿತ್ತು. ಯುಬಿ ಸಿಟಿ ಕಟ್ಟಿದ್ದು ವಿದೇಶಿ ಐಷಾರಾಮಿ ಬ್ರ್ಯಾಂಡ್‌ಗಳಿಗಾಗಿ.

ಆ ಬ್ರ್ಯಾಂಡ್‌ಗಳು ಬಂದ ದಾರಿಗೂ ಗಿಫ್ಟ್ ಕಾರ್ಡಿಗೂ ನೇರ ನಂಟಿದೆ. ಒಂದೇ ಬ್ರ್ಯಾಂಡ್ ಮಾರುವ ಚಿಲ್ಲರೆ ಅಂಗಡಿಗಳಲ್ಲಿ ವಿದೇಶಿ ಬಂಡವಾಳಕ್ಕೆ ಸರ್ಕಾರ 2006ರಲ್ಲಿ ಬಾಗಿಲು ತೆರೆದಾಗ ಮಿತಿ ಶೇ. 51 ಇತ್ತು. ಶೇ. 100ಕ್ಕೆ ಅವಕಾಶವಾದದ್ದು 2012ರಲ್ಲಿ, ಅದಕ್ಕೆ ಸರ್ಕಾರದ ಪೂರ್ವಾನುಮತಿ ಬೇಡವೆಂದಾದದ್ದು 2018ರಲ್ಲಿ. ಹಾಗಾಗಿ 2008ರ ಹೊತ್ತಿಗೆ ಇಲ್ಲಿ ಅಂಗಡಿ ಇಡಬೇಕೆಂದರೆ ಭಾರತದ ಪಾಲುದಾರರನ್ನೋ ಫ್ರಾಂಚೈಸಿಯನ್ನೋ (ಬ್ರ್ಯಾಂಡಿನ ಹೆಸರಲ್ಲಿ ಅಂಗಡಿ ನಡೆಸುವ ಇಲ್ಲಿಯ ಕಂಪನಿ) ಹಿಡಿಯಲೇಬೇಕಿತ್ತು. ಬೋರ್ಡ್ ಮೇಲೆ ಪ್ಯಾರಿಸ್ಸಿನ ಹೆಸರು, ಬಿಲ್ ಮೇಲೆ ಇಲ್ಲಿಯ ಕಂಪನಿಯ ಹೆಸರು. ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಈ ಏರ್ಪಾಡು ಇಂದಿಗೂ ನಡೆದುಬಂದಿದೆ. ಲಂಡನ್ನಿನಲ್ಲೋ ದುಬೈಯಲ್ಲೋ ಕೊಂಡ ಅದೇ ಬ್ರ್ಯಾಂಡಿನ ಕಾರ್ಡ್ ಇಲ್ಲಿ ಸಾಮಾನ್ಯವಾಗಿ ನಡೆಯದಿರುವುದು ಇದರಿಂದಲೇ. ಹಣ ಪಡೆದ ಕಂಪನಿ ಒಂದು, ಸರಕು ಕೊಡಬೇಕಾದ ಕಂಪನಿ ಇನ್ನೊಂದು, ಸಾಲದ್ದಕ್ಕೆ ಕರೆನ್ಸಿಯೂ ಬೇರೆ.

ಈಗ ಮೂರು ಕಾರ್ಡ್‌ಗಳನ್ನೂ ಕೌಂಟರ್ ಮೇಲಿಟ್ಟು ನೋಡೋಣ.

ಬ್ರ್ಯಾಂಡ್ ಕಾರ್ಡ್

ಈ ಕಾರ್ಡ್ ಮಾರುವವರೂ ಅದನ್ನು ಪಡೆದು ಸರಕು ಕೊಡುವವರೂ ಒಬ್ಬರೇ. ಕ್ಯಾಷಿಯರ್ ತನ್ನ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲೇ ಗಿಫ್ಟ್ ವೋಚರ್ ಆಯ್ಕೆ ಒತ್ತಿ, ಕಾರ್ಡ್ ನಂಬರ್ ಮತ್ತು ಕೆರೆದು ತೆಗೆದ ಪಿನ್ ಹೊಡೆಯುತ್ತಾರೆ. ಸ್ವೈಪ್ ಮೆಷಿನ್ ತನಕ ಹೋಗುವ ಮಾತೇ ಇಲ್ಲ. ಕೌಂಟರ್‌ನಲ್ಲಿ ಅತಿ ಕಡಿಮೆ ತಕರಾರು ಆಗುವುದು ಇದರಲ್ಲೇ. ಬಾಕಿ ಮೊತ್ತವನ್ನು ಯುಪಿಐನಲ್ಲಿ ಕೊಡುವುದೂ ಸಲೀಸು.

ಇಂಥ ಕಾರ್ಡ್ ರಿಸರ್ವ್ ಬ್ಯಾಂಕ್ ಲೆಕ್ಕದಲ್ಲಿ 'ಕ್ಲೋಸ್ಡ್' ಬಗೆಯದು, ಅಂದರೆ ಕೊಟ್ಟವರ ಬಳಿ ಮಾತ್ರ ನಡೆಯುವಂಥದ್ದು, ಅದನ್ನು ಕೊಡಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಡ. ಇದರಿಂದ ಒಂದು ಲಾಭ, ಒಂದು ನಷ್ಟ. ಲಾಭವೆಂದರೆ ಕೆಳಗೆ ಹೇಳುವ ₹10,000ದ ಮಿತಿ ಇದಕ್ಕಿಲ್ಲ, ಬ್ರ್ಯಾಂಡ್ ಒಪ್ಪಿದರೆ ದೊಡ್ಡ ಮೊತ್ತಕ್ಕೂ ಸಿಗುತ್ತದೆ. ನಷ್ಟವೆಂದರೆ ನೀವು ಕೊಟ್ಟ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಕಾದಿಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮವೂ ಇದಕ್ಕಿಲ್ಲ. ಆ ಹಣ ಅಂಗಡಿಯ ವ್ಯವಹಾರದಲ್ಲಿ ಬೆರೆತುಹೋಗಿರಬಹುದು. ಬ್ರ್ಯಾಂಡ್ ಊರು ಬಿಟ್ಟರೆ, ಅಥವಾ ಫ್ರಾಂಚೈಸಿ ಬದಲಾದರೆ, ಹಳೆಯ ಕಾರ್ಡಿಗೆ ಹೊಸಬರು ಬೆಲೆ ಕೊಡುತ್ತಾರೆಂಬ ಖಾತರಿ ಇಲ್ಲ. ಕೊಳ್ಳುವ ಮೊದಲು ಒಂದು ಪ್ರಶ್ನೆ ಸಾಕು: 'ಇದು ನಿಮ್ಮ ಎಲ್ಲ ಊರಿನ ಅಂಗಡಿಗಳಲ್ಲೂ ನಡೆಯುತ್ತದೆಯೇ?' ಈ ಔಟ್‌ಲೆಟ್‌ನಲ್ಲಿ ಮಾತ್ರ ಎಂದರೆ ಅಲ್ಲಿಗೆ ಬಿಡಿ.

ಮಾಲ್ ಹೆಸರಿನ ಕಾರ್ಡ್

ನೋಡಲು ಚೆಂದ, ಒಳಗೆ ಗೋಜಲು. ಒಂದು ಕಾರ್ಡ್ ನಾಲ್ಕಾರು ಒಡೆಯರ ಅಂಗಡಿಗಳಲ್ಲಿ ನಡೆಯಬೇಕೆಂದರೆ ಅದನ್ನು ರಿಸರ್ವ್ ಬ್ಯಾಂಕಿನ ಅನುಮತಿ ಇರುವ ಬ್ಯಾಂಕ್ ಅಥವಾ ಪ್ರೀಪೇಯ್ಡ್ (ಮೊದಲೇ ಹಣ ತುಂಬಿದ) ಕಾರ್ಡ್ ಕೊಡುವ ಕಂಪನಿಯೇ ಕೊಡಬೇಕು. ಮುಂದೆ ಮಾಲ್‌ನ ಲೋಗೋ ಇದ್ದರೂ ಹಿಂದೆ ಸಣ್ಣ ಅಕ್ಷರದಲ್ಲಿ ಕೊಟ್ಟವರ ಹೆಸರಿರುತ್ತದೆ. ತೊಂದರೆಯಾದಾಗ ಹಿಡಿಯಬೇಕಾದ್ದು ಅವರನ್ನು, ಮಾಲ್‌ನ ಹೆಲ್ಪ್ ಡೆಸ್ಕನ್ನಲ್ಲ.

ಈ ಕಾರ್ಡ್ ಮಾಲ್‌ನೊಳಗೆ ಮಾತ್ರ ನಡೆಯುವಂತೆ ಮಾಡುವುದು ಹೇಗೆ? ಪ್ರತಿ ಸ್ವೈಪ್ ಮೆಷಿನ್ನಿಗೂ ಒಂದು ಟರ್ಮಿನಲ್ ನಂಬರ್, ಪ್ರತಿ ಅಂಗಡಿಗೂ ಒಂದು ಮರ್ಚೆಂಟ್ ನಂಬರ್ ಇರುತ್ತದೆ. ಒಪ್ಪಿಕೊಂಡ ಅಂಗಡಿಗಳ ನಂಬರ್‌ಗಳನ್ನು ಪಟ್ಟಿ ಮಾಡಿ ಅವುಗಳಿಗೆ ಮಾತ್ರ ಕಾರ್ಡ್ ಬಿಡುತ್ತಾರೆ. ಸೋಲುವುದೂ ಇಲ್ಲೇ. ಅಂಗಡಿಯವರು ಬ್ಯಾಂಕ್ ಬದಲಿಸಿ ಹೊಸ ಮೆಷಿನ್ ತಂದರೆ ನಂಬರ್ ಬದಲಾಗುತ್ತದೆ. ಪಟ್ಟಿ ಹಳೆಯದೇ ಉಳಿದಿದ್ದರೆ ಹೋದ ತಿಂಗಳು ನಡೆದ ಕಾರ್ಡ್ ಅದೇ ಅಂಗಡಿಯಲ್ಲಿ ಈ ತಿಂಗಳು ನಡೆಯುವುದಿಲ್ಲ. ಮೆಷಿನ್‌ನ ಚೀಟಿಯಲ್ಲಿ 57 ಅಥವಾ 58 ಎಂಬ ಕೋಡ್ ಬಂದರೆ ಅರ್ಥ ಇದೇ: ಈ ವ್ಯವಹಾರಕ್ಕೆ ಅನುಮತಿ ಇಲ್ಲ. ಕಾರ್ಡಿನಲ್ಲಿ ಹಣ ಇಲ್ಲವೆಂದಲ್ಲ. ಕೌಂಟರ್‌ನಲ್ಲಿ ಎರಡು ಮೆಷಿನ್ ಇದ್ದರೆ ಇನ್ನೊಂದರಲ್ಲಿ ಹಾಕಿ ನೋಡಲು ಹೇಳಿ. ಅದೂ ಆಗದಿದ್ದರೆ ಆ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಟರ್ಮಿನಲ್ ನಂಬರ್ ಅದರಲ್ಲೇ ಅಚ್ಚಾಗಿರುತ್ತದೆ, ದೂರು ಕೊಡುವಾಗ ಅದೇ ಆಧಾರ.

ಐಷಾರಾಮಿ ಮಾಲ್‌ಗಳಲ್ಲಿ ಇನ್ನೊಂದು ತೊಡಕು. ಹೆಸರಾಂತ ವಿದೇಶಿ ಬ್ರ್ಯಾಂಡ್‌ಗಳು ಮಾಲ್‌ನವರ ಇಂಥ ಯೋಜನೆಗಳಿಗೆ ಸೇರಲೇಬೇಕೆಂದೇನಿಲ್ಲ. ಪಟ್ಟಿ ಓದದೆ ಕೊಂಡರೆ, ಯಾವ ಅಂಗಡಿಗಾಗಿ ಕೊಂಡಿರೋ ಅದೇ ಅದರಲ್ಲಿ ಇಲ್ಲದಿರಬಹುದು. ಊಟ, ಸಿನಿಮಾ, ಸೌಂದರ್ಯವರ್ಧಕ ಇಂಥವುಗಳಿಗಾದರೆ ಮಾಲ್ ಕಾರ್ಡ್ ಪರವಾಗಿಲ್ಲ.

ಬ್ಯಾಂಕ್ ಗಿಫ್ಟ್ ಕಾರ್ಡ್

ರುಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿರುವ ಕಾರ್ಡ್. ದೇಶದೊಳಗೆ ಆ ಗುರುತು ಒಪ್ಪುವ ಬಹುತೇಕ ಯಾವ ಮೆಷಿನ್‌ನಲ್ಲೂ ನಡೆಯುತ್ತದೆ. ಮಾಲ್ ಬದಲಾಗಲಿ, ಅಂಗಡಿಯ ಒಡೆತನ ಬದಲಾಗಲಿ, ಇದಕ್ಕೆ ಲೆಕ್ಕವಿಲ್ಲ. ರಿಸರ್ವ್ ಬ್ಯಾಂಕಿನ 2021ರ ಪ್ರೀಪೇಯ್ಡ್ ನಿರ್ದೇಶನಗಳ ಪ್ರಕಾರ ಒಂದು ಗಿಫ್ಟ್ ಕಾರ್ಡಿನ ಗರಿಷ್ಠ ಮೊತ್ತ ₹10,000. ಮತ್ತೆ ಹಣ ತುಂಬುವಂತಿಲ್ಲ, ಎಟಿಎಂನಲ್ಲಿ ತೆಗೆಯುವಂತಿಲ್ಲ. ಅವಧಿ ಕನಿಷ್ಠ ಒಂದು ವರ್ಷ ಇರಲೇಬೇಕು. ಮಾಲ್ ಕಾರ್ಡಿಗೂ ಇವೇ ನಿಯಮ.

ತಪ್ಪು ನಡೆಯುವುದು ಬಿಲ್ ಒಡೆಯುವಾಗ. ಬಿಲ್ ₹13,499, ಕಾರ್ಡಿನಲ್ಲಿ ₹10,000 ಎಂದುಕೊಳ್ಳಿ. ಕ್ಯಾಷಿಯರ್ ಅಭ್ಯಾಸಬಲದಿಂದ ಪೂರ್ತಿ 13,499 ಹೊಡೆದರೆ ಮೆಷಿನ್ 51 ಕೋಡ್ ತೋರಿಸುತ್ತದೆ, ಅಂದರೆ ಹಣ ಸಾಲದು. ಕಾರ್ಡಿನಲ್ಲಿದ್ದಷ್ಟನ್ನು ತಾನಾಗಿ ತೆಗೆದುಕೊಂಡು ಉಳಿದದ್ದನ್ನು ಕೇಳುವ ಜಾಣತನವನ್ನು ಮೆಷಿನ್‌ನಿಂದ ನಿರೀಕ್ಷಿಸಬೇಡಿ. 'ಮೊದಲು ಈ ಕಾರ್ಡಿನಲ್ಲಿ ಹತ್ತು ಸಾವಿರ ಹೊಡೆಯಿರಿ, ಉಳಿದ 3,499 ಯುಪಿಐ' ಎಂದು ಸ್ವೈಪ್ ಮಾಡುವ ಮೊದಲೇ ಹೇಳಬೇಕು. ಇದಕ್ಕಾಗಿ ಬ್ಯಾಲೆನ್ಸ್ ಪೈಸೆ ಸಮೇತ ಗೊತ್ತಿರಬೇಕು. ಹಿಂದೆ ₹1,262.50 ಖರ್ಚಾಗಿದ್ದರೆ ಉಳಿದಿರುವುದು ₹8,737.50. 8,738 ಹೊಡೆದರೆ ಮತ್ತೆ ಅದೇ 51.

ಇನ್ನೊಂದು ಎಡವಟ್ಟು ಒಟಿಪಿಯದು. ಕಾರ್ಡ್ ಕೊಳ್ಳುವಾಗ ಕೊಡುವವರ ಮೊಬೈಲ್ ನಂಬರ್ ನಮೂದಾಗಿದ್ದರೆ, ಪಡೆದವರು ಪಿನ್ ಇಡಲು ಅಥವಾ ಆನ್‌ಲೈನ್‌ನಲ್ಲಿ ಕೊಳ್ಳಲು ಹೊರಟಾಗ ಒಟಿಪಿ ಹೋಗುವುದು ಕೊಟ್ಟವರಿಗೆ! ಕೊಳ್ಳುವಾಗಲೇ ಪಡೆಯುವವರ ನಂಬರ್ ಹಾಕಿಸಿ. ಗುಟ್ಟಾಗಿ ಕೊಡಬೇಕೆಂದಿದ್ದರೆ ನಂಬರ್ ನಂತರ ಬದಲಿಸಲು ಆಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ.

ಮುಖಬೆಲೆಯ ಮೇಲೆ ಕಾರ್ಡ್ ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಬೀಳುವುದುಂಟು. ₹1,000ದ ಕಾರ್ಡಿಗೂ ₹10,000ದ ಕಾರ್ಡಿಗೂ ಅದೇ ಶುಲ್ಕವಾದರೆ ಚಿಕ್ಕ ಕಾರ್ಡ್ ಕೊಳ್ಳುವುದು ದಂಡ.

ವಾಪಸು ಕೊಟ್ಟಾಗ, ಅವಧಿ ಮುಗಿದಾಗ

ಮೂರರ ನಡುವಿನ ದೊಡ್ಡ ವ್ಯತ್ಯಾಸ ತಿಳಿಯುವುದು ಇಲ್ಲಿ. ಬ್ರ್ಯಾಂಡ್ ಕಾರ್ಡಿನಲ್ಲಿ ಕೊಂಡ ವಸ್ತು ಹಿಂದಿರುಗಿಸಿದರೆ ಸಾಮಾನ್ಯವಾಗಿ ಸಿಗುವುದು ಕ್ರೆಡಿಟ್ ನೋಟ್, ಅಂದರೆ ಅಷ್ಟೇ ಮೊತ್ತಕ್ಕೆ ಅಲ್ಲೇ ಮತ್ತೆ ಕೊಳ್ಳಬಹುದಾದ ಚೀಟಿ. ಅದರ ಅವಧಿ ಮೂಲ ಕಾರ್ಡಿಗಿಂತ ಕಡಿಮೆ ಇರಬಹುದು, ದಿನಾಂಕ ನೋಡಿಕೊಂಡೇ ಸಹಿ ಹಾಕಿ. ಬ್ಯಾಂಕ್ ಮತ್ತು ಮಾಲ್ ಕಾರ್ಡಿನಲ್ಲಿ ಎಷ್ಟು ಕಡಿತವಾಗಿತ್ತೋ ಅಷ್ಟು ಅದೇ ಕಾರ್ಡಿಗೆ ಮರಳಬೇಕು. ಹಾಗಾಗಿ ಬ್ಯಾಲೆನ್ಸ್ ಸೊನ್ನೆಯಾಯಿತೆಂದು ಕಾರ್ಡ್ ಎಸೆಯಬೇಡಿ. ಅಂಗಡಿಯ ರಿಟರ್ನ್ ಗಡುವು ಮುಗಿಯುವ ತನಕ ಬಿಲ್ ಜೊತೆ ಸೇರಿಸಿಡಿ.

ಅವಧಿ ಮುಗಿಯಲು 45 ದಿನ ಇರುವಾಗಿನಿಂದ ಎಚ್ಚರಿಕೆಯ ಸಂದೇಶ ಕಳಿಸಬೇಕಾದ್ದು ಕಾರ್ಡ್ ಕೊಟ್ಟವರ ಹೊಣೆ. ತಪ್ಪು ಮೊಬೈಲ್ ನಂಬರ್ ಇದ್ದರೆ ಆ ಸಂದೇಶವೂ ಬೇರೆಯವರಿಗೇ ಹೋಗುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ, ಆದರೆ ಗೊತ್ತಿರಲೇಬೇಕಾದ ವಿಷಯ ಇದು: ರಿಸರ್ವ್ ಬ್ಯಾಂಕಿನ ನಿಯಮದಡಿ ಬರುವ ಕಾರ್ಡಿನ ಅವಧಿ ಮುಗಿದರೂ ಉಳಿದ ಹಣ ಸತ್ತಿಲ್ಲ. ಅವಧಿ ಮುಗಿದ ಮೇಲೆ ಕೇಳಿದರೂ ಅದನ್ನು ನಿಮ್ಮ ಬ್ಯಾಂಕ್ ಖಾತೆಗೆ ಹಾಕಬೇಕು. ಡ್ರಾಯರ್‌ನಲ್ಲಿ ಹಳೆಯ ಕಾರ್ಡ್ ಬಿದ್ದಿದ್ದರೆ ಇವತ್ತೇ ಕಸ್ಟಮರ್ ಕೇರ್‌ಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಬ್ರ್ಯಾಂಡ್ ಕಾರ್ಡಿಗೆ ಈ ದಾರಿ ಇಲ್ಲ, ಅದಕ್ಕೆ ಇರುವುದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಯಾರಿಗೆ ಯಾವುದು

ಪಡೆಯುವವರಿಗೆ ಇಂಥದೇ ಅಂಗಡಿಯ ವಸ್ತು ಬೇಕೆಂದು ಖಚಿತವಾಗಿ ಗೊತ್ತಿದ್ದರೆ ಬ್ರ್ಯಾಂಡ್ ಕಾರ್ಡ್ ಕೊಡಿ, ಆರು ತಿಂಗಳೊಳಗೆ ಬಳಸಿ ಎಂದೂ ಹೇಳಿ. ಗೊತ್ತಿಲ್ಲದಿದ್ದರೆ ಬ್ಯಾಂಕ್ ಕಾರ್ಡ್, ಅದೂ ಶುಲ್ಕ ದಂಡವಾಗದಂತೆ ಮೊತ್ತ ₹5,000 ದಾಟಿದಾಗ. ಮಾಲ್ ಕಾರ್ಡಿಗೆ ನಾವು ಕೊಡುವುದು ಮೂರನೇ ಸ್ಥಾನ.

ಲಕ್ಷಗಟ್ಟಲೆಯ ಬ್ಯಾಗಿಗೋ ವಾಚಿಗೋ ಹಣ ಸೇರಿಸಲು ₹10,000ದ ಕಾರ್ಡ್‌ಗಳನ್ನು ಕಟ್ಟುಕಟ್ಟಾಗಿ ಕೊಳ್ಳುವವರಿದ್ದಾರೆ. ಒಂದೊಂದೂ ಬೇರೆ ಸ್ವೈಪ್, ಬೇರೆ ಪಿನ್, ವಾಪಸು ಕೊಟ್ಟರೆ ಬೇರೆ ರೀಫಂಡ್. ಒಂದು ಬಿಲ್‌ಗೆ ಎಷ್ಟು ಕಾರ್ಡ್ ಒಪ್ಪುತ್ತೀರಿ ಎಂದು ಅಂಗಡಿಗೆ ಫೋನ್ ಮಾಡಿ ಕೇಳಿದ ಮೇಲೆಯೇ ಆ ಕೆಲಸಕ್ಕೆ ಕೈಹಾಕಿ.