ವಾದ್ಯ ಮೊದಲು, ಸ್ಯಾಂಪ್ಲರ್ ಆಮೇಲೆ: ಲಿನಕ್ಸ್‌ನಲ್ಲಿ ಎಸ್‌ಫಿಜ್ ಜೊತೆ ನಾಲ್ಕು ವರ್ಷ

ನಾಲ್ಕು ವರ್ಷದಿಂದ ನನ್ನ ಹಾಡುಗಳಲ್ಲಿ ಪಿಯಾನೊ, ಪಿಟೀಲು, ಕೊಳಲು ಎಲ್ಲವನ್ನೂ ನುಡಿಸುತ್ತಿರುವುದು ಎಸ್‌ಫಿಜ್ ಎಂಬ ಪುಟ್ಟ ಸ್ಯಾಂಪ್ಲರ್. ಸ್ಯಾಂಪ್ಲರ್ ಅಂದರೆ ನಿಜವಾದ ವಾದ್ಯದಿಂದ ರೆಕಾರ್ಡ್ ಮಾಡಿಟ್ಟ ಸದ್ದುಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, ಒತ್ತಿದ ಕೀಗೆ ತಕ್ಕಂತೆ ನುಡಿಸುವ ಸಾಫ್ಟ್‌ವೇರ್. ಅದಕ್ಕೂ ಮೊದಲು ಸೌಂಡ್‌ಫಾಂಟ್ ಎಂಬ ಹಳೇ ಬಗೆಯ ವಾದ್ಯದ ಫೈಲ್‌ಗಳನ್ನು ಬಳಸಿದ್ದೆ, ಲಿನಕ್ಸ್‌ಸ್ಯಾಂಪ್ಲರ್ ಬಳಸಿದ್ದೆ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಮೂಲಕ ವಿಂಡೋಸ್ ಪ್ಲಗಿನ್‌ಗಳನ್ನೂ (ರೆಕಾರ್ಡಿಂಗ್ ಸಾಫ್ಟ್‌ವೇರ್‌ನೊಳಗೆ ಕೂರುವ ಪ್ರೋಗ್ರಾಂಗಳು) ಓಡಿಸಿದ್ದೆ. ಡ್ರಮ್ಸ್‌ಗೆ ಈಗಲೂ ಬೇರೆಯದೇ ಇದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಒಂದೇ: ಮೊದಲು ವಾದ್ಯದ ಫೈಲ್ ಫಾರ್ಮ್ಯಾಟ್ ಆರಿಸಿಕೊಳ್ಳಿ, ಸ್ಯಾಂಪ್ಲರ್ ಆಮೇಲೆ.

ಇದನ್ನು ನಾನು ಕಲಿತದ್ದು ಒಂದು ಹಾಡು ಕೈಬಿಟ್ಟು ಹೋದಾಗ. ವಿಂಡೋಸ್‌ಗೆಂದು ಮಾಡಿದ ಒಂದು ಸ್ಯಾಂಪ್ಲರನ್ನು ವೈನ್‌ನಲ್ಲಿ ಓಡಿಸುತ್ತಿದ್ದೆ. ಹಾಡು ಅರ್ಧ ಮುಗಿದಿತ್ತು. ಸಿಸ್ಟಮ್ ಅಪ್‌ಡೇಟ್ ಆಯಿತು. ಮಾರನೇ ದಿನ ಪ್ರಾಜೆಕ್ಟ್ ತೆರೆದರೆ ಪಿಯಾನೊ ಟ್ರ್ಯಾಕ್ ಮೌನ. ಮಿಡಿ ನೋಟ್‌ಗಳೆಲ್ಲ, ಅಂದರೆ ಯಾವ ಕೀ ಯಾವಾಗ ಒತ್ತಿದೆ ಅನ್ನುವ ದಾಖಲೆ, ಹಾಗೇ ಇವೆ, ಸ್ಯಾಂಪಲ್‌ಗಳೂ ನನ್ನ ಡಿಸ್ಕಿನಲ್ಲೇ ಇವೆ. ಆದರೆ ಅವನ್ನು ಓದಲು ಗೊತ್ತಿದ್ದದ್ದು ಆ ಒಂದು ಪ್ಲಗಿನ್‌ಗೆ ಮಾತ್ರ. ಅದು ಏಳಲೇ ಇಲ್ಲ. ತುಂಬ ಬೇಜಾರಾಯಿತು.

ಆಗ ಎಸ್‌ಎಫ್‌ಝಡ್ ಎಂಬ ತೆರೆದ ಫಾರ್ಮ್ಯಾಟ್ ಕಡೆ ತಿರುಗಿದೆ. ಎಸ್‌ಫಿಜ್ ನುಡಿಸುವುದು ಇದನ್ನೇ. ಇದರಲ್ಲಿ ಒಂದು ವಾದ್ಯ ಅಂದರೆ ಒಂದು ಫೋಲ್ಡರ್ ತುಂಬ ವೇವ್ ಅಥವಾ ಫ್ಲ್ಯಾಕ್ ಆಡಿಯೋ ಫೈಲ್‌ಗಳು, ಜೊತೆಗೆ ಒಂದು ಸಾದಾ ಟೆಕ್ಸ್ಟ್ ಫೈಲ್. ಯಾವ ಕೀ ಒತ್ತಿದರೆ, ಎಷ್ಟು ಜೋರಾಗಿ ಒತ್ತಿದರೆ, ಯಾವ ಫೈಲ್ ನುಡಿಯಬೇಕು ಅಂತ ಆ ಟೆಕ್ಸ್ಟ್ ಫೈಲಿನಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಅಷ್ಟೇ. ಬೀಗ ಇಲ್ಲ, ಲೈಸೆನ್ಸ್ ಕೀ ಇಲ್ಲ. ಯಾವ ಎಡಿಟರ್‌ನಲ್ಲಾದರೂ ತೆರೆದು ಓದಬಹುದು, ತಿದ್ದಬಹುದು.

ಈ ತಿದ್ದುವ ವಿಷಯ ಸಣ್ಣದಲ್ಲ. ಒಂದು ಉಚಿತ ಪಿಯಾನೊ ಇಳಿಸಿಕೊಂಡಿದ್ದೆ, ನಾದ ತುಂಬ ಚೆನ್ನಾಗಿತ್ತು. ಆದರೆ ನುಡಿಸುವಾಗ ಆಗಾಗ ಒಂದು ಸ್ವರ ಬರುತ್ತಲೇ ಇರಲಿಲ್ಲ. ಒಮ್ಮೆ ಮಧ್ಯದ ಡಿ, ಇನ್ನೊಮ್ಮೆ ಮೇಲಿನ ಜಿ. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ಎರಡು ದಿನ ಕೇಬಲ್ ಬದಲಾಯಿಸಿದೆ. ಕೊನೆಗೆ ಟರ್ಮಿನಲ್‌ನಲ್ಲಿ ಎಸೆಕ್‌ಡಂಪ್ ಹಾಕಿಕೊಂಡು ನುಡಿಸುತ್ತ ಕೂತೆ. ಅದು ಪ್ರತಿ ನೋಟ್‌ನ ವೆಲಾಸಿಟಿಯನ್ನೂ, ಅಂದರೆ ಕೀ ಎಷ್ಟು ಜೋರಾಗಿ ಒತ್ತಿದೆ ಅನ್ನುವ ಅಂಕಿಯನ್ನೂ, ತೋರಿಸುತ್ತದೆ. ಸದ್ದು ಬರದ ಪ್ರತಿ ಸಲವೂ ಪರದೆ ಮೇಲೆ ಒಂದೇ ಅಂಕಿ: 64. ಎಸ್‌ಎಫ್‌ಝಡ್ ಫೈಲ್ ತೆರೆದೆ. ಮೆಲ್ಲಗೆ ನುಡಿಸುವ ಪದರದ ಮೇಲಿನ ಮಿತಿ, ಅಂದರೆ ಹೈವೆಲ್, 63 ಅಂತಿತ್ತು. ಜೋರಿನ ಪದರದ ಕೆಳಗಿನ ಮಿತಿ, ಲೋವೆಲ್, 65 ಅಂತಿತ್ತು. ನಡುವಿನ 64 ಯಾರ ಪಾಲಿಗೂ ಬಂದಿರಲಿಲ್ಲ. 65 ಅಳಿಸಿ 64 ಮಾಡಿ ಸೇವ್ ಮಾಡಿದೆ. ಫೈಲ್ ಬದಲಾದದ್ದನ್ನು ಎಸ್‌ಫಿಜ್ ತಾನೇ ಗಮನಿಸಿ ಮತ್ತೆ ಲೋಡ್ ಮಾಡಿಕೊಂಡಿತು. ಅವತ್ತಿನಿಂದ ಆ ಪಿಯಾನೊ ಒಂದು ಸ್ವರವನ್ನೂ ನುಂಗಿಲ್ಲ. ಮುಚ್ಚಿದ ಫಾರ್ಮ್ಯಾಟ್ ಆಗಿದ್ದರೆ ಇದನ್ನು ನಾನು ಸರಿಮಾಡಲು ಆಗುತ್ತಿತ್ತಾ?

ಎಸ್‌ಫಿಜ್ ಎಲ್‌ವಿ2, ವಿಎಸ್‌ಟಿ3 ಎಂಬ ಎರಡೂ ಬಗೆಯ ಪ್ಲಗಿನ್ ಆಗಿ ಸಿಗುತ್ತದೆ. ಆರ್ಡರ್, ರೀಪರ್, ಕ್ಯೂಟ್ರ್ಯಾಕ್ಟರ್‌ನಂಥ ರೆಕಾರ್ಡಿಂಗ್ ಸಾಫ್ಟ್‌ವೇರ್, ಪ್ಲಗಿನ್ ಓಡಿಸುವ ಕಾರ್ಲಾ, ಎಲ್ಲದರಲ್ಲೂ ಕೂರುತ್ತದೆ. ಪೂರ್ತಿ ತೆರೆದ ಸಾಫ್ಟ್‌ವೇರ್, ಬಿಎಸ್‌ಡಿ ಲೈಸೆನ್ಸ್. ವಿಂಡೋಸ್‌ನಲ್ಲಿ ಮಾಡಿದ ಲೈಬ್ರರಿಗಳಲ್ಲಿ ಫೈಲ್ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ಅದಲುಬದಲಾಗಿರುವುದು ಮಾಮೂಲು. ಲಿನಕ್ಸ್‌ಗೆ ಅವು ಬೇರೆ ಬೇರೆ ಹೆಸರು. ಎಸ್‌ಫಿಜ್ ಅಕ್ಷರ ಭೇದ ಬಿಟ್ಟು ಹುಡುಕಿಕೊಳ್ಳುತ್ತದೆ, ಆ ತಲೆನೋವು ನಮಗೆ ಉಳಿಯುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಎರಡನ್ನು ಮಾತ್ರ ಗಮನಿಸಿ. ಮೊದಲನೆಯದು ವಾಯ್ಸ್‌ಗಳ ಸಂಖ್ಯೆ, ಅಂದರೆ ಒಂದೇ ಸಲಕ್ಕೆ ಎಷ್ಟು ಸದ್ದುಗಳು ನುಡಿಯಬಹುದು ಅನ್ನುವ ಮಿತಿ. ಶುರುವಿಗೆ 64 ಇರುತ್ತದೆ. ಪೆಡಲ್ ಒತ್ತಿ ಹಿಡಿದು ನುಡಿಸಿದರೆ ಹಳೆಯ ಸ್ವರಗಳು ಸಾಯದೆ ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ಮಿತಿ ಮುಟ್ಟಿದಾಗ ಹಳೆಯದೊಂದು ಪಟ್ಟನೆ ಕಟ್ ಆಗುತ್ತದೆ. ಪಿಯಾನೊಗೆ ನಾನು 128 ಇಡುತ್ತೇನೆ. ಎರಡನೆಯದು ಪ್ರೀಲೋಡ್. ಎಸ್‌ಫಿಜ್ ಪ್ರತಿ ಸ್ಯಾಂಪಲ್‌ನ ತಲೆಯ ಭಾಗವನ್ನಷ್ಟೇ ರ‍್ಯಾಮ್‌ನಲ್ಲಿ ಇಟ್ಟುಕೊಂಡು, ಉಳಿದದ್ದನ್ನು ಕೀ ಒತ್ತಿದ ಮೇಲೆ ಡಿಸ್ಕಿನಿಂದ ತರುತ್ತದೆ. ಎಸ್‌ಎಸ್‌ಡಿ ಇದ್ದರೆ ಇದನ್ನು ಮುಟ್ಟುವುದೇ ಬೇಡ. ಹಳೇ ಹಾರ್ಡ್‌ಡಿಸ್ಕ್ ಆದರೆ ಜಾಸ್ತಿ ಮಾಡಿ. ಸದ್ದನ್ನು ಒಳಗೊಳಗೆ ಹೆಚ್ಚಿನ ದರದಲ್ಲಿ ಲೆಕ್ಕ ಹಾಕುವ ಓವರ್‌ಸ್ಯಾಂಪ್ಲಿಂಗ್ ಅನ್ನು ಸುಮ್ನೆ ಒಂದರಲ್ಲೇ ಬಿಡಿ. ಏರಿಸಿದರೆ ಸಿಪಿಯು ತಿನ್ನುತ್ತದೆ, ನನ್ನ ಕಿವಿಗೆ ವ್ಯತ್ಯಾಸ ಕೇಳಿಸಲಿಲ್ಲ.

ಮೊದಲ ವಾದ್ಯವಾಗಿ ಸಲಾಮಾಂಡರ್ ಗ್ರ್ಯಾಂಡ್ ಪಿಯಾನೊ ಇಳಿಸಿಕೊಳ್ಳಿ. ಯಮಹಾ ಸಿ5 ಪಿಯಾನೊದ ಸ್ಯಾಂಪಲ್‌ಗಳು, 16 ವೆಲಾಸಿಟಿ ಪದರ, ಎಲ್ಲ ಉಚಿತ. ಮೂರು ಕೀಗೆ ಒಂದರಂತೆ ರೆಕಾರ್ಡ್ ಮಾಡಿದ್ದಾರೆ. ಕೀಯಿಂದ ಬೆರಳು ಎತ್ತಿದಾಗ ಬರುವ ಸಣ್ಣ ಟಕ್ ಸದ್ದು ಕೂಡ ಅದರಲ್ಲಿದೆ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮೆಲ್ಲಗೆ ನುಡಿಸಿದರೆ ಆ ಟಕ್ ಕೇಳಿಸುತ್ತದೆ, ಮುಂದೆ ನಿಜವಾದ ಪಿಯಾನೊ ಇದೆ ಅನ್ನಿಸುತ್ತದೆ. ಆರ್ಕೆಸ್ಟ್ರಾ ಬೇಕಿದ್ದರೆ ವಿಎಸ್‌ಸಿಒ 2ರ ಕಮ್ಯುನಿಟಿ ಆವೃತ್ತಿ ಇದೆ. ಅದರ ಲೈಸೆನ್ಸ್ ಸಿಸಿ0, ಹಾಡಿನಲ್ಲಿ ಹೇಗೆ ಬೇಕಾದರೂ ಬಳಸಬಹುದು.

ಸಿಸ್ಟಮ್ ಹದ ಮಾಡದೆ ಯಾವ ಸ್ಯಾಂಪ್ಲರನ್ನೂ ಬೈಯಬೇಡಿ. ನಿಮ್ಮ ಯೂಸರ್ ಆಡಿಯೋ ಗ್ರೂಪ್‌ನಲ್ಲಿ ಇರಬೇಕು. ಆ ಗ್ರೂಪ್‌ಗೆ ಆರ್‌ಟಿಪ್ರಿಯೊ 95 (ಸಿಪಿಯುನಲ್ಲಿ ಆಡಿಯೋಗೆ ಆದ್ಯತೆ), ಮೆಮ್‌ಲಾಕ್ ಅನ್‌ಲಿಮಿಟೆಡ್ (ರ‍್ಯಾಮ್ ಹಿಡಿದಿಟ್ಟುಕೊಳ್ಳಲು ಅನುಮತಿ) ಅಂತ ಸಿಸ್ಟಮ್‌ನ ಲಿಮಿಟ್ಸ್ ಫೈಲಿನಲ್ಲಿ ಬರೆದಿರಬೇಕು. ಬರೆದ ಮೇಲೆ ಲಾಗೌಟ್ ಆಗಿ ಮತ್ತೆ ಬನ್ನಿ, ಇಲ್ಲದಿದ್ದರೆ ಏನೂ ಬದಲಾಗುವುದಿಲ್ಲ. ಸದ್ದನ್ನು ನಿಭಾಯಿಸುವ ವ್ಯವಸ್ಥೆಯಾಗಿ ಪೈಪ್‌ವೈರ್ ಇದ್ದರೆ, ಜ್ಯಾಕ್‌ಗೆಂದು ಬರೆದ ಸಂಗೀತ ಸಾಫ್ಟ್‌ವೇರ್ ಕೂಡ ನಡೆಯಲು ಅದರ ಜ್ಯಾಕ್ ಪ್ಯಾಕೇಜನ್ನೂ ಹಾಕಿಕೊಳ್ಳಿ. ಸದ್ದನ್ನು ತುಂಡು ತುಂಡಾಗಿ ಕಳಿಸುವ ಬಫರ್ ದೊಡ್ಡದಾದಷ್ಟೂ ಕೀ ಒತ್ತಿದ ಮೇಲೆ ಸದ್ದು ಬರುವುದು ತಡ. 48 ಕಿಲೋಹರ್ಟ್ಸ್‌ನಲ್ಲಿ 256ರ ಬಫರ್ ಅಂದರೆ ಸುಮಾರು 5.3 ಮಿಲಿಸೆಕೆಂಡ್, 128 ಅಂದರೆ 2.7. ನುಡಿಸಿ ರೆಕಾರ್ಡ್ ಮಾಡುವಾಗ 128, ಮಿಕ್ಸ್ ಮಾಡುವಾಗ 1024 ಇಡುತ್ತೇನೆ. ಪೈಪ್‌ವೈರ್ ಜೊತೆ ಬರುವ ಪಿಡಬ್ಲ್ಯು-ಟಾಪ್ ತೆರೆದಿಟ್ಟು ಎರರ್ ಕಾಲಂ ನೋಡುತ್ತಿರಿ. ಅಂಕಿ ಏರುತ್ತಿದ್ದರೆ ಬಫರ್ ಸಾಲುತ್ತಿಲ್ಲ ಅಂತ. ತಡವಾಗದಂತೆ ಕೆಲಸ ಮುಗಿಸುವ ರಿಯಲ್‌ಟೈಮ್ ಕರ್ನಲ್‌ಗಾಗಿ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು) ಮೊದಲು ಪ್ಯಾಚ್ ಹುಡುಕಬೇಕಿತ್ತು. 2024ರ 6.12 ಕರ್ನಲ್‌ನಿಂದ ಅದು ಮೂಲ ಕರ್ನಲ್‌ನಲ್ಲೇ ಸೇರಿದೆ. ನನಗಂತೂ ಸಾಮಾನ್ಯ ಕರ್ನಲ್ಲೇ ಸಾಕಾಗಿದೆ.

ಉಳಿದವುಗಳ ಬಗ್ಗೆ. ಲಿನಕ್ಸ್‌ಸ್ಯಾಂಪ್ಲರ್ ಹಿರಿಯ, ಗಟ್ಟಿಗ. ವಿಂಡೋಸ್‌ನ ಹಳೇ ಸ್ಯಾಂಪ್ಲರ್ ಗಿಗಾಸ್ಟುಡಿಯೊ ಮಾರಾಟ 2008ರಲ್ಲೇ ನಿಂತಿತು, ಆದರೂ ಅದರ ಗಿಗ್ ಫೈಲ್‌ಗಳನ್ನು ಇವತ್ತಿಗೂ ಇದು ನುಡಿಸುತ್ತದೆ. ಹಳೇ ಗಿಗ್ ಲೈಬ್ರರಿ ನಿಮ್ಮ ಹತ್ತಿರ ಇದ್ದರೆ ಇದನ್ನೇ ಹಾಕಿ. ಹಿಂದೆ ಸರ್ವರ್, ಮುಂದೆ ಬೇರೆ ಕಿಟಕಿ ಅನ್ನುವ ಕಟ್ಟಣೆಗೆ ಒಗ್ಗಿಕೊಳ್ಳಲು ಸ್ವಲ್ಪ ದಿನ ಬೇಕು. ಲೈಸೆನ್ಸ್‌ನಲ್ಲಿ ವಾಣಿಜ್ಯ ಬಳಕೆಗೆ ತಡೆ ಇರುವುದರಿಂದ ಎಲ್ಲ ಡಿಸ್ಟ್ರೋಗಳ (ಲಿನಕ್ಸ್‌ನ ಬೇರೆ ಬೇರೆ ರೂಪಗಳ) ಮುಖ್ಯ ಭಂಡಾರದಲ್ಲೂ ಇದು ಸಿಗುತ್ತದೆ ಅಂತಿಲ್ಲ. ಸೌಂಡ್‌ಫಾಂಟ್ ಸಾಕು ಅನ್ನುವವರಿಗೆ ಫ್ಲೂಯಿಡ್‌ಸಿಂತ್, ಹಗುರ, ಐದು ನಿಮಿಷದ ಕೆಲಸ. ಡೀಸೆಂಟ್ ಸ್ಯಾಂಪ್ಲರ್ ಉಚಿತ, ನೋಡಲು ಚೆಂದ, ಲಿನಕ್ಸ್ ಆವೃತ್ತಿಯೂ ಇದೆ, ಆದರೆ ತೆರೆದ ಸಾಫ್ಟ್‌ವೇರ್ ಅಲ್ಲ. ಡ್ರಮ್ಸ್‌ಗೆ ಮಾತ್ರ ನನ್ನ ಆಯ್ಕೆ ಡ್ರಮ್‌ಗಿಜ್ಮೊ. ಸ್ನೇರ್ ಹೊಡೆದಾಗ ಮೇಲಿನ ಮೈಕ್‌ಗಳಿಗೂ ಕಿಕ್ ಮೈಕ್‌ಗೂ ಸೇರಿದ ಸದ್ದನ್ನು ಅದು ಬೇರೆ ಬೇರೆ ಚಾನೆಲ್‌ಗಳಲ್ಲಿ ಕೊಡುತ್ತದೆ. ಮಿಕ್ಸ್ ಮಾಡುವ ಖುಷಿಯೇ ಬೇರೆ. ಕಿಟ್‌ಗಳು ರ‍್ಯಾಮ್ ಜಾಸ್ತಿ ಬೇಡುತ್ತವೆ, ಅದೊಂದು ನೆನಪಿರಲಿ. ಹೆಸರಾಂತ ವಾಣಿಜ್ಯ ಸ್ಯಾಂಪ್ಲರ್ ಕಾಂಟಾಕ್ಟ್‌ಗೆ ಲಿನಕ್ಸ್ ಆವೃತ್ತಿ ಇಲ್ಲ. ಅದು ಬೇಕೇ ಬೇಕು ಅಂದರೆ ವೈನ್ ಜೊತೆ, ವಿಂಡೋಸ್ ಪ್ಲಗಿನ್‌ಗಳನ್ನು ಲಿನಕ್ಸ್ ಸಾಫ್ಟ್‌ವೇರ್‌ಗೆ ಜೋಡಿಸುವ ಯಾಬ್ರಿಜ್ ದಾರಿ. ಆ ದಾರಿ ಹಿಡಿದರೆ ಟ್ರ್ಯಾಕ್ ಮುಗಿದ ಕೂಡಲೇ ಆಡಿಯೋ ಆಗಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಎಸ್‌ಫಿಜ್‌ನಲ್ಲಿ ಕೊರತೆ ಇಲ್ಲವೇ? ಇದೆ. ಎಸ್‌ಎಫ್‌ಝಡ್‌ನ ಎಲ್ಲ ಆದೇಶಗಳೂ ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ದಾಟಿ ಮುಂದೆ ಹೋಗುತ್ತದೆ, ಹಾಗಾಗಿ ಕೆಲವು ದೊಡ್ಡ ಲೈಬ್ರರಿಗಳು ಮಾಡಿದವರು ಅಂದುಕೊಂಡಂತೆ ನುಡಿಯುವುದಿಲ್ಲ. ಹೊಸ ಆವೃತ್ತಿಗಳು ಬರುವುದೂ ನಿಧಾನ. ಕೀ ಮ್ಯಾಪನ್ನು ಎಳೆದು ಬಿಟ್ಟು ತಿದ್ದುವ ಸೌಲಭ್ಯ ಇಲ್ಲ, ಟೆಕ್ಸ್ಟ್ ಎಡಿಟರೇ ಗತಿ. ಟೈಪ್ ಮಾಡಲು ಬೇಸರ ಪಡುವವರಿಗೆ ಇದು ಕಷ್ಟ ಆಗಬಹುದು.

ಈಗ ಪ್ರತಿ ಹಾಡಿನ ಫೋಲ್ಡರಿನೊಳಗೆ ಅದರ ವಾದ್ಯಗಳ ಎಸ್‌ಎಫ್‌ಝಡ್ ಫೈಲ್‌ಗಳ ಒಂದು ಪ್ರತಿ ಇಡುತ್ತೇನೆ. ಕೆಲವೇ ಕೆಬಿ ಅಷ್ಟೇ. ಆ ಕೈಬಿಟ್ಟುಹೋದ ಹಾಡನ್ನು ಮೊನ್ನೆ ತೆರೆದು, ಅದೇ ಮಿಡಿ ನೋಟ್‌ಗಳನ್ನು ಸಲಾಮಾಂಡರ್‌ಗೆ ಕಳಿಸಿದೆ. ವೆಲಾಸಿಟಿ ಸ್ವಲ್ಪ ತಗ್ಗಿಸಬೇಕಾಯಿತು, ಆಮೇಲೆ ಎರಡನೇ ಚರಣದಿಂದ ಮುಂದಕ್ಕೆ ನುಡಿಸಿ ರೆಕಾರ್ಡ್ ಮಾಡಿದೆ.